ಟ್ಯಾಗ್ ಯಜಮಾನರು

ಊರಿಗೊಬ್ಬರು ಇದ್ದೇ ಇರುತ್ತಾರೆ. ಅರಸೀಕೆರೆ ಕಡೆಗೆ ಬಂದರೆ ಬೀದಿಗೊಬ್ಬರು. ಮೇಷ್ಟರೋ, ರೈಲ್ವೆಯವರೋ, ಬ್ಯಾಂಕಿನವರೋ ಆಗಿದ್ದು ನಿವೃತ್ತರಾದವರು. ನಾಲ್ಕು ತೆಂಗಿನ ಮರ ಇವೆ, ಮಗ ಬೆಂಗಳೂರಿನಲ್ಲಿದ್ದಾನೆ, ಮಂಡಿನೋವು ಮನೆಯಲ್ಲೇ ಇದೆ. ಅಂಗಳದಲ್ಲಿ ಹಳೇ ಜಮಖಾನ ಹೊದ್ದುಕೊಂಡ ಒಂದು ಮಾರುತಿ 800, ಕಾರ್ಬುರೇಟರ್ ಕಾಲದ್ದು. ಮಗ ಹೊಸ ಕಾರು ಕೊಡಿಸುತ್ತೇನೆಂದಾಗಲೆಲ್ಲ ಒಂದೇ ಉತ್ತರ: “ಇದರ ವೈರಿಂಗು ಇನ್ನೂ ಕಂಪ್ನೀದು ಕಣಯ್ಯ. ಇವತ್ತಿನವರೆಗೆ ಒಬ್ಬ ಕೈ ಇಟ್ಟಿಲ್ಲ.”

ಮಾರುತಿ 800ರ ಜಾತಕ ಇವರ ನಾಲಿಗೆಯ ಮೇಲಿದೆ. 1983ರ ಡಿಸೆಂಬರ್ 14ರಂದು ಮೊದಲನೇ ಗಿರಾಕಿಗೆ ಇಂದಿರಾ ಗಾಂಧಿಯವರೇ ಕೀಲಿ ಕೊಟ್ಟದ್ದು, ಎಂಜಿನ್ 796 ಸಿಸಿ, ಸಿಲಿಂಡರ್ ಮೂರೇ ಮೂರು, 2014ರ ಜನವರಿಯಲ್ಲಿ ತಯಾರಿಕೆ ನಿಂತದ್ದು. ಆ ಜನವರಿಯನ್ನು ಅವರು ಹೇಳುವ ಧಾಟಿ ಕೇಳಿದರೆ, ಮನೆಯಲ್ಲಿ ವರ್ಷಾಬ್ದಿಕ ಮಾಡುತ್ತಾರೇನೋ ಎಂದು ಅನುಮಾನ ಬರುತ್ತದೆ.

ಇಂಥವರಿಗೆ ನಾನಿಟ್ಟ ಹೆಸರು ಟ್ಯಾಗ್ ಯಜಮಾನರು. ಬಾನೆಟ್ಟಿನೊಳಗೆ ವೈರುಗಳನ್ನು ಸೇರಿಸಿ ಕಟ್ಟುವ ನೈಲಾನ್ ಪಟ್ಟಿ ಗೊತ್ತಲ್ಲ, ಅಂಗಡಿಯವರು ಟ್ಯಾಗ್ ಅನ್ನುವುದು, ಓದಿದವರು ಕೇಬಲ್ ಟೈ ಅನ್ನುವುದು. ಒಂದು ಕಡೆಯಿಂದ ಎಳೆದರೆ ಟಿರ್ರ್ ಎಂದು ಬರುತ್ತದೆ, ಸತ್ತರೂ ಹಿಂದೆ ಹೋಗುವುದಿಲ್ಲ. ಎಂಜಿನ್ನಿನ ಕಾವಿಗೆ ವರ್ಷಾನುಗಟ್ಟಲೆ ಬೆಂದು ಅದು ಒಂದು ದಿನ ಹಪ್ಪಳದ ಹಾಗೆ ಮುರಿಯುತ್ತದೆ. ಅವತ್ತಿನಿಂದ ಯಜಮಾನರ ಎರಡನೇ ವೃತ್ತಿಜೀವನ ಶುರು.

ಎಲೆಕ್ಟ್ರಿಕಲ್ ಅಂಗಡಿಗೆ ಹೋದರೆ ನೂರರ ಪೊಟ್ಟಣ ಕೊಡುತ್ತಾರಲ್ಲ, ಅದರಲ್ಲಿ ಒಂದೆಳೆದು ಬಿಗಿದರಾಯಿತಪ್ಪ ಅನ್ನಿಸಬಹುದು. ಯಜಮಾನರ ಎದುರು ಹಾಗೆ ಅಂದು ನೋಡಿ. ಅವರಿಗೆ ಬೇಕಾದದ್ದು ಬುಡದಲ್ಲಿ ಮುಳ್ಳಿರುವ ಟ್ಯಾಗು. ಕಾರಿನ ತಗಡಿನಲ್ಲಿ ಸಣ್ಣ ತೂತು ಇರುತ್ತದೆ. ಮುಳ್ಳನ್ನು ಅದಕ್ಕೆ ಒತ್ತಿದರೆ ಕಿವಿಗಳು ಮಡಿಸಿಕೊಂಡು ಒಳಗೆ ಹೋಗಿ, ಆ ಕಡೆ ಅರಳಿ ಕೂರುತ್ತವೆ. ವೈರಿನ ಕಟ್ಟು ತಗಡಿಗೆ ಅಂಟಿಕೊಂಡಂತೆ ನಿಲ್ಲುತ್ತದೆ, ಫ್ಯಾನಿಗೂ ತಗಲದು, ಬಿಸಿ ಕೊಳವೆಗೂ ತಗಲದು. ಮುಳ್ಳಿಲ್ಲದ ಟ್ಯಾಗು ವೈರನ್ನು ವೈರಿಗೇ ಕಟ್ಟೀತು, ಕಾರಿಗೆ ಕಟ್ಟುವುದು ಎಲ್ಲಿ ಬಂತು?

“ಹೊಯ್ಸಳರು ಗಾರೆ ಹಾಕಿದ್ರೇನ್ರಿ?” ಎಂದು ಅವರು ಅಂಗಡಿ ಹುಡುಗನನ್ನು ಕೇಳುತ್ತಾರೆ. ಅವನು ಪಾಪ, ಸ್ವಿಚ್ಚು ಬೋರ್ಡು ಮಾರಿಕೊಂಡಿರುವವನು. “ನಮ್ಮೂರ ಶಿವಾಲಯ ನೋಡು, 1220ರದ್ದು. ಬೇಲೂರು ಇನ್ನೂ ಹಿಂದಿಂದು, 1117. ಕಲ್ಲಲ್ಲಿ ಗೂಟ, ಎದುರು ಕಲ್ಲಲ್ಲಿ ತೂತು, ಕೂರಿಸು, ಮುಗೀತು. ಎಂಟುನೂರು ವರ್ಷ ಆದ್ರೂ ಅಲ್ಲಾಡಿಲ್ಲ. ಅದೇ ಲೆಕ್ಕ ಇದೂ. ಗೂಟ ಇಲ್ದಿರೋ ಟ್ಯಾಗ್ ತಗೊಂಡು ನಾನೇನು ಮಾಡ್ಲಿ?”

“ಸಾರ್, ಫ್ಲೆಕ್ಸ್ ಕಟ್ಟೋದಿದೆ, ಕೊಡ್ಲಾ?”

ಅರಸೀಕೆರೆಯಲ್ಲಿ ಚುನಾವಣೆಗೂ ಹುಟ್ಟುಹಬ್ಬಕ್ಕೂ ಕಂಬಕ್ಕೆ ಫ್ಲೆಕ್ಸ್ ಬಿಗಿಯುವುದು ಇದೇ ಟ್ಯಾಗಿನಿಂದ. ಹಾಗಾಗಿ ದಾಸ್ತಾನಿಗೆ ಕೊರತೆಯಿಲ್ಲ. ಆದರೆ ಬಿಳಿಯದು. ಬಿಳಿ ಟ್ಯಾಗು ಎಂದರೆ ಯಜಮಾನರಿಗೆ ಮೈಲಿಗೆ. ಅದು ಮನೆಯೊಳಗಿನ ಕೆಲಸಕ್ಕೆ, ಬಿಸಿಲು ತಾಗಿದರೆ ಪುಡಿ. ಕಪ್ಪಿನಲ್ಲಿ ಇಂಗಾಲದ ಪುಡಿ ಬೆರೆಸಿರುತ್ತಾರೆ, ಬಿಸಿಲು ತಡೆಯುತ್ತದೆ. ಇಷ್ಟನ್ನು ಹೇಳಿ ಅವರು ನಿಲ್ಲಿಸಿದ್ದರೆ ಅಂಗಡಿ ಹುಡುಗನಿಗೂ ಬದುಕಿದೆನಪ್ಪ ಅನ್ನಿಸುತ್ತಿತ್ತು. ನಿಲ್ಲಿಸುವುದಿಲ್ಲ. ಅಮೆರಿಕದಲ್ಲಿ ಥಾಮಸ್ ಅಂಡ್ ಬೆಟ್ಸ್ ಎಂಬ ಕಂಪನಿಯ ಮೌರಸ್ ಲೋಗನ್ ಎನ್ನುವವನು ಬೋಯಿಂಗ್ ವಿಮಾನದ ಕಾರ್ಖಾನೆಗೆ ಹೋದದ್ದು, ಅಲ್ಲಿ ಕೆಲಸಗಾರರು ಮೇಣ ಸವರಿದ ದಾರದಲ್ಲಿ ಸಾವಿರಾರು ವೈರುಗಳನ್ನು ಗಂಟು ಹಾಕಿ ಹಾಕಿ ಬೆರಳು ಕೊಯ್ದುಕೊಳ್ಳುತ್ತಿದ್ದದ್ದನ್ನು ಕಂಡು ಮರುಗಿದ್ದು, 1958ರಲ್ಲಿ ಈ ಟ್ಯಾಗಿಗೆ ಪೇಟೆಂಟ್ ಅರ್ಜಿ ಹಾಕಿದ್ದು, ಆ ಕಾಲದ ಟ್ಯಾಗಿನೊಳಗೆ ಉಕ್ಕಿನ ಹಲ್ಲು ಇದ್ದದ್ದು, ಎಲ್ಲವೂ ಸಾಂಗವಾಗಿ ಬರುತ್ತದೆ. ಹಿಂದೆ ನಿಂತ ಗಿರಾಕಿಗೆ ಬೇಕಾಗಿದ್ದದ್ದು ಒಂದು ಒಂಬತ್ತು ವಾಟಿನ ಬಲ್ಬು. ಅವನು ಪಕ್ಕದ ಅಂಗಡಿಗೆ ಹೋಗಿಯಾಯಿತು.

ಮೆಕ್ಯಾನಿಕ್ಕಿಗೂ ಇವರಿಗೂ ಆಗಿಬರುವುದಿಲ್ಲ. ಹಿಂದೊಮ್ಮೆ ಯಾರೋ ಒಬ್ಬ ಟ್ಯಾಗು ಮುರಿದಿದ್ದ ಜಾಗಕ್ಕೆ ಕಬ್ಬಿಣದ ಬೈಂಡಿಂಗ್ ವೈರ್ ಸುತ್ತಿ ಇಕ್ಕಳದಲ್ಲಿ ತಿರುಚಿ ಕೊಟ್ಟಿದ್ದನಂತೆ. ಬಾಣಾವರದ ರಸ್ತೆಯ ಕುಲುಕಾಟಕ್ಕೆ ಅದು ಪ್ಲಾಸ್ಟಿಕ್ಕನ್ನು ಕೊಯ್ದು, ತಾಮ್ರ ಬಯಲಾಗಿ, ತಗಡಿಗೆ ಮುಟ್ಟಿ, ಫ್ಯೂಸ್ ಹಾರಿ, ಕತ್ತಲಲ್ಲಿ ದೀಪವಿಲ್ಲದೆ ನಿಂತರು. ಆ ತುಂಡು ವೈರನ್ನು ಇವತ್ತಿಗೂ ಡ್ಯಾಷ್‌ಬೋರ್ಡಿನ ಪೆಟ್ಟಿಗೆಯಲ್ಲಿ ಸಾಕ್ಷಿಗೆಂದು ಇಟ್ಟಿದ್ದಾರೆ. ಸೈಕಲ್ ಟ್ಯೂಬಿನ ರಬ್ಬರು, ಇನ್ಸುಲೇಷನ್ ಟೇಪು, ತೆಂಗಿನ ನಾರು, ಇವನ್ನೆಲ್ಲ ಸೂಚಿಸಿದವರೂ ಉಂಟು. ಟೇಪು ಕಾವಿಗೆ ಅಂಟಂಟಾಗಿ ಜಾರುತ್ತದೆ. ನಾರಿನ ವಾಸನೆಗೆ ಇಲಿ ಬರುತ್ತದೆ ಎಂದು ಯಜಮಾನರ ವಾದ. ನನಗನ್ನಿಸುವಂತೆ ಇಲಿಗೆ ಅಂಥ ಆಮಂತ್ರಣವೇನೂ ಬೇಕಾಗಿಲ್ಲ.

ಮನೆಯಲ್ಲಿ ಇವರ ಟ್ಯಾಗಿನ ಭಂಡಾರ ಇರುವುದು ಉಪ್ಪಿನಕಾಯಿ ಜಾಡಿಯಲ್ಲಿ. ಒಳಗೆ ಒಂದು ಒದ್ದೆ ಬಟ್ಟೆಯ ತುಂಡು. ನೈಲಾನ್ ಗಾಳಿಯ ತೇವ ಕುಡಿದರೇ ಬಳುಕುವುದು. ಒಣಗಿದರೆ ಎಳೆಯುವಾಗಲೇ ಮುರಿಯುತ್ತದೆ. ಇದು ನಿಜ. ಸಕಲೇಶಪುರದ ಮಳೆಗೆ ಈ ತಾಪತ್ರಯ ಇಲ್ಲ, ಅರಸೀಕೆರೆಯ ಬೇಸಿಗೆಗೆ ಉಂಟು. “ವೀಳ್ಯದೆಲೆಗೆ ಒಂದು ದಿನ ನೀರು ಚಿಮುಕಿಸಿದೋರಲ್ಲ,” ಎಂದು ಯಜಮಾನಿತಿ ಒಳಗಿನಿಂದ ಹೇಳುವುದೂ ನಿಜ.

ಇವರನ್ನು ಪೂರ್ಣಾವತಾರದಲ್ಲಿ ನೋಡಬೇಕೆಂದರೆ ಆಷಾಢದಲ್ಲಿ ಮಾಲೇಕಲ್ಲು ತಿರುಪತಿಯ ಜಾತ್ರೆಗೆ ಬರಬೇಕು. ಊರಿಂದ ಎರಡು ಮೂರು ಕಿಲೋಮೀಟರ್, ಅಷ್ಟೇ. ಮನೆಯವರೆಲ್ಲ ಗೋವಿಂದಾ ಗೋವಿಂದಾ ಅಂದುಕೊಂಡು ಸಾವಿರಕ್ಕೂ ಮಿಕ್ಕಿದ ಮೆಟ್ಟಿಲು ಹತ್ತುತ್ತಾರೆ. ಯಜಮಾನರು ಮಂಡಿ ತೋರಿಸಿ ಬೆಟ್ಟದ ಬುಡದಲ್ಲೇ ಉಳಿಯುತ್ತಾರೆ. ಇನ್ನೊಂದು ಮಾರುತಿ 800 ಎಲ್ಲಿ ನಿಂತಿದೆ ಎಂದು ಸಾಲುಸಾಲು ಹುಡುಕುವಾಗ ಆ ಮಂಡಿಗೆ ಏನೂ ಆಗುವುದಿಲ್ಲ. ಸಿಕ್ಕಿತೋ, ಅದರ ಮಾಲೀಕ ದರ್ಶನ ಮುಗಿಸಿ ಬರುವವರೆಗೆ ಕಾಯುತ್ತಾರೆ. “ಸ್ವಲ್ಪ ಬಾನೆಟ್ ಎತ್ತುತೀರಾ?” ಕಡೂರಿನ ಆ ಮನುಷ್ಯ ಏನೋ ಹೊಗೆ ಬಂತೆಂದು ಗಾಬರಿಬಿದ್ದು ಎತ್ತುತ್ತಾನೆ. ಯಜಮಾನರು ಒಳಗೆ ಬಗ್ಗಿ, ಬ್ಯಾಟರಿಯ ಹಿಂದೆ ಬೆರಳಾಡಿಸಿ, ಒಂದು ನಿಟ್ಟುಸಿರು ಬಿಡುತ್ತಾರೆ. “ನಿಮ್ಮದು ಐದೂ ಇದಾವೆ.” ವೆಂಕಟರಮಣನೇ ಎದುರು ಬಂದು ನಿಂತರೂ ಆ ದನಿಯಲ್ಲಿ ಅಷ್ಟು ಭಕ್ತಿ ಬರಲಾರದು.

ಬೇಲೂರು, ಹಳೇಬೀಡಿನಲ್ಲೂ ಇದೇ ಕಥೆ. ಜಗತ್ತೆಲ್ಲ ಶಿಲಾಬಾಲಿಕೆಯರನ್ನು ನೋಡಲು ಒಳಗೆ ಹೋದರೆ ಇವರು ವಾಹನ ನಿಲ್ದಾಣದಲ್ಲಿ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಹೊರರಾಜ್ಯದ ಹಳೇ ಗಾಡಿಗಳೂ ಬರುತ್ತಿವೆ ಎಂಬ ಸಂತೋಷ ಇವರದು. ಬೆಂಗಳೂರಿಗೆ ಮೊಮ್ಮಗಳ ನಾಮಕರಣಕ್ಕೆ ಹೋದವರು ಊಟದ ಹೊತ್ತಿಗೆ ಕಾಣೆ; ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿದ್ದರು. ಅಲ್ಲಿ ಮುಳ್ಳಿನ ಟ್ಯಾಗು ಸಿಕ್ಕಿತು ಕೂಡ. ಆದರೆ ಮುಳ್ಳು ದಪ್ಪ, ತೂತು ಸಣ್ಣದು. ತೂತನ್ನು ಸ್ವಲ್ಪ ಕೊರೆದರಾಯಿತು ಎಂದ ಅಂಗಡಿಯವನನ್ನು ಅವರು ನೋಡಿದ ನೋಟದ ಬಗ್ಗೆ ಮಗ ಇನ್ನೂ ಮಾತಾಡುತ್ತಾನೆ. ಕಂಪನಿಯ ತಗಡಿಗೆ ಡ್ರಿಲ್ಲು!

ನಗುತ್ತೀರಿ, ನಗಿ. ಆದರೆ ಕಾರಿನ ವೈರಿಗೆ ಬೆಂಕಿ ಹತ್ತಿದ ಸುದ್ದಿ ಓದುವಾಗ ನನಗೆ ನೆನಪಾಗುವವರು ಇವರೇ. ಕಟ್ಟು ಸಡಿಲವಾದ ವೈರು ಉಜ್ಜಿಕೊಳ್ಳುತ್ತದೆ, ಉಜ್ಜಿಕೊಂಡ ವೈರು ಒಂದಲ್ಲ ಒಂದು ದಿನ ಕಿಡಿ ಕಾರುತ್ತದೆ. ಸಾಧಾರಣ ನೈಲಾನ್ ಟ್ಯಾಗು ತಾಳುವುದು ಹೆಚ್ಚೆಂದರೆ 85 ಡಿಗ್ರಿ, ಆದ್ದರಿಂದ ಸೈಲೆನ್ಸರ್ ಕೊಳವೆಯ ಹತ್ತಿರ ಅದನ್ನು ಹಾಕಲೇಬಾರದು, ಲೋಹದ ಕ್ಲಿಪ್ಪೇ ಆಗಬೇಕು. ಬಾಲವನ್ನು ಬುಡಕ್ಕೆ ಸಮವಾಗಿ ಕತ್ತರಿಸದಿದ್ದರೆ ಮುಂದಿನವನ ಕೈ ಬ್ಲೇಡು ತಗಲಿದಂತೆ ಸೀಳುತ್ತದೆ. ಇಷ್ಟನ್ನೂ ಪಾಲಿಸುವ ಮನುಷ್ಯ ತಾಲ್ಲೂಕಿನಲ್ಲಿ ಬೇರೆ ಯಾರಿದ್ದಾರೋ ನನಗೆ ಗೊತ್ತಿಲ್ಲ. ಕಿರಿಕಿರಿಯ ಆಸಾಮಿ, ಒಪ್ಪಿದೆ. ಹೇಳುವುದರಲ್ಲಿ ಮಾತ್ರ ಒಂದಕ್ಷರ ತಪ್ಪಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಹಳೇ ಮಾರುತಿಯನ್ನು ಗುಜರಿಗೆ ಹಾಕುವವರಿದ್ದರೆ ಟ್ಯಾಗುಗಳನ್ನು ಕತ್ತರಿಸಿ ಬಿಸಾಡಬೇಡಿ. ತಗಡಿನ ಹಿಂದಿನಿಂದ ಮುಳ್ಳಿನ ಕಿವಿಗಳನ್ನು ಇಕ್ಕಳದಲ್ಲಿ ಅಮುಕಿ, ಮೆಲ್ಲಗೆ ದೂಡಿ, ಹಲ್ಲಿನ ನಾಲಿಗೆಯನ್ನು ಸೂಜಿಯಲ್ಲಿ ಎತ್ತಿ ಇಡಿಯಾಗಿ ಬಿಡಿಸಿಕೊಳ್ಳಿ. ಅರಸೀಕೆರೆ ಕಡೆ ಬರುವವರ ಕೈಲಿ ಕಳಿಸಿಕೊಡಿ. ದುಡ್ಡು ಮಾತ್ರ ಕೇಳಬೇಡಿ. ಅವರು ಚೌಕಾಸಿಗೆ ಕೂತರೆ ನಿಮ್ಮ ರೈಲು ತಪ್ಪುತ್ತದೆ.