ವ್ಯಾಡಪ್ಪನವರ ಶುಕ್ರವಾರ

ವ್ಯಾಡಪ್ಪನವರನ್ನು ನೀವು ನೋಡಿಯೇ ಇರುತ್ತೀರಿ. ವಯಸ್ಸು ನಲವತ್ತೈದು ದಾಟಿದೆ, ಐವತ್ತು ಮುಟ್ಟಿಲ್ಲ. ಬೆಂಗಳೂರಿನ ಯಾವುದೋ ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರು. ಮನೆಯಲ್ಲಿ ವೈಫೈ ಕೆಟ್ಟರೆ ಮಾತ್ರ ಬೆಲೆಯುಳ್ಳ ಮನುಷ್ಯ. ಆಧಾರ್ ಕಾರ್ಡಿನಲ್ಲಿ ಒಬ್ಬೊಬ್ಬರ ಹೆಸರು ಒಂದೊಂದು. ಆದರೆ ಗುಣ, ನಡತೆ, ಕಣ್ಣಿನ ಕೆಳಗಿನ ಕಪ್ಪು ಎಲ್ಲ ಒಂದೇ ಆದ್ದರಿಂದ ಇಡೀ ಕುಲಕ್ಕೆ ಈ ಒಂದು ಹೆಸರು ಸಾಕು. 1993ರಲ್ಲಿ ಬಂದ ‘ಡೂಮ್’ ಎಂಬ ಕಂಪ್ಯೂಟರ್ ಆಟಕ್ಕೆ ಅಭಿಮಾನಿಗಳು ಇವತ್ತಿಗೂ ಹೊಸ ಹೊಸ ಲೆವೆಲ್ ಕಟ್ಟಿ ಪುಕ್ಕಟೆ ಹಂಚುತ್ತಾರೆ. ಆ ಫೈಲಿಗೆ ವ್ಯಾಡ್ ಎಂದು ಹೆಸರು. ಅದನ್ನು ಇಳಿಸಿಕೊಂಡು, ಜೋಡಿಸಿಕೊಂಡು, ಆಡುವವರು ಅಥವಾ ಆಡುತ್ತೇನೆ ಎಂದು ನಂಬಿಕೊಂಡವರು ವ್ಯಾಡಪ್ಪನವರು.

ಅವರನ್ನು ಗುರುತಿಸುವುದು ಸುಲಭ. ಆಫೀಸಿನ ಕ್ಯಾಂಟೀನಿನಲ್ಲಿ ಹೊಸದಾಗಿ ಸೇರಿದ ಹುಡುಗ, “ಹಳೇ ಗೇಮಲ್ವಾ ಸರ್ ಅದು?” ಎಂದು ಕೇಳಿದನೆನ್ನಿ. ವ್ಯಾಡಪ್ಪನವರು ತಟ್ಟೆ ಪಕ್ಕಕ್ಕೆ ಸರಿಸುತ್ತಾರೆ. ಹುಡುಗನ ಊಟದ ವಿರಾಮ ಅಲ್ಲಿಗೆ ಮುಗಿಯಿತು.

ಅವರ ಕಥಾಪ್ರಸಂಗ ಟೆಕ್ಸಾಸಿನ ಮೆಸ್ಕೀಟ್ ಎಂಬ ಊರಿನಿಂದ ಶುರುವಾಗುತ್ತದೆ. ಅಲ್ಲಿ ಐಡಿ ಸಾಫ್ಟ್‌ವೇರ್ ಎಂಬ ಪುಟ್ಟ ಕಂಪನಿ. 1993ರ ಡಿಸೆಂಬರ್ 10ರಂದು ಅವರು ಆಟದ ಮೊದಲ ಭಾಗವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸರ್ವರಿಗೆ ಹಾಕಲು ಹೋದರೆ, ಕಾದು ಕುಳಿತವರ ನೂಕುನುಗ್ಗಲಿಗೆ ಅಲ್ಲಿನ ನೆಟ್‌ವರ್ಕೇ ಕುಸಿಯಿತು. ಮೊದಲ ಒಂಬತ್ತು ಲೆವೆಲ್ ಬಿಟ್ಟಿ, ಉಳಿದ ಎರಡು ಭಾಗಕ್ಕೆ ದುಡ್ಡು. ಇಲ್ಲಿ ವ್ಯಾಡಪ್ಪನವರ ದನಿ ಸ್ವಲ್ಪ ತಗ್ಗುತ್ತದೆ, ಏಕೆಂದರೆ ಅವರು ಆ ಕಾಲದಲ್ಲಿ ಆಡಿದ್ದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ, ಯಾರದೋ ಫ್ಲಾಪಿಯಿಂದ ಇನ್ನಾರೋ ಎತ್ತಿಕೊಂಡ ಕಾಪಿಯನ್ನು. ಮುಂದಿನ ಮಾತಿಗೆ ದನಿ ಮತ್ತೆ ಏರುತ್ತದೆ. ಐಡಿಯವರ ಹಿಂದಿನ ಆಟವಾದ ವುಲ್ಫನ್‌ಸ್ಟೈನ್ 3ಡಿಯಲ್ಲಿ ಲೆವೆಲ್ ಬದಲಿಸಬೇಕಾದರೆ ಮೂಲ ಫೈಲನ್ನೇ ಕೆಡಿಸಬೇಕಿತ್ತು. ಡೂಮ್‌ನಲ್ಲಿ ಐಡಿಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಆಟದ ಯಂತ್ರವನ್ನೂ ಅದರ ಸಾಮಾನನ್ನೂ ಬೇರೆ ಬೇರೆ ಇಟ್ಟರು. ನಕ್ಷೆ, ಚಿತ್ರ, ಸದ್ದು ಎಲ್ಲ ಒಂದು ವ್ಯಾಡ್ ಫೈಲಿನೊಳಗೆ. ನೀವು ನಿಮ್ಮದೊಂದು ವ್ಯಾಡ್ ಮಾಡಿ ಅದರ ಮೇಲೆ ಹೊದಿಸಿದರೆ ಆಟ ಹೊಸದು, ಮೂಲಕ್ಕೆ ಏಟಿಲ್ಲ.

ಎರಡು ತಿಂಗಳು ತುಂಬುವ ಮೊದಲೇ, 1994ರ ಜನವರಿಯಲ್ಲಿ, ಲೆವೆಲ್ ಕಟ್ಟುವ ಸಾಧನ ಬಂತು. ನ್ಯೂಜಿಲೆಂಡಿನ ಒಬ್ಬರು, ಬೆಲ್ಜಿಯಂನ ಒಬ್ಬರು ಸೇರಿ ಮಾಡಿದ ಅದರ ಹೆಸರು ಡಿಇಯು. ಆವತ್ತು ಶುರುವಾದ ಕಟ್ಟಡ ಕೆಲಸ ಇನ್ನೂ ನಿಂತಿಲ್ಲ.

ಕಂಪನಿ ಎರಡು ಷರತ್ತು ಹಾಕಿತ್ತು. ಬಿಟ್ಟಿ ಆವೃತ್ತಿಗೆ ಹೊರಗಿನ ವ್ಯಾಡ್ ತುರುಕಲು ಹೋದರೆ ಆಟ ಶುರುವೇ ಆಗದು, ಮೊದಲು ದುಡ್ಡು ಕಟ್ಟಿ ನೋಂದಾಯಿಸಿಕೋ ಎನ್ನುತ್ತದೆ. ದುಡ್ಡು ಕೊಟ್ಟವನಿಗೂ ವ್ಯಾಡ್ ಹಾಕಿದೊಡನೆ ಒಂದು ಎಚ್ಚರಿಕೆ: ಈ ಆಟ ಮಾರ್ಪಾಡಾಗಿದೆ, ಇನ್ನು ತಾಂತ್ರಿಕ ನೆರವು ಸಿಗುವುದಿಲ್ಲ, ಮುಂದುವರಿಯಲು ಎಂಟರ್ ಒತ್ತಿ. ವ್ಯಾಡಪ್ಪನವರು ಆವತ್ತು ಎಂಟರ್ ಒತ್ತಿದವರು. ಆಮೇಲೆ ಯಾರ ನೆರವನ್ನೂ ಕೇಳಿಲ್ಲ. ಸಿಕ್ಕವರಿಗೆಲ್ಲ ತಾವೇ ನೆರವು ಕೊಡುತ್ತಿದ್ದಾರೆ.

ಡೂಮ್ ಓಡಲು 386 ಕಂಪ್ಯೂಟರು, 4 ಎಂಬಿ ಮೆಮೊರಿ ಸಾಕಿತ್ತು. ಆ ಆಟಕ್ಕಾಗಿ ವ್ಯಾಡಪ್ಪನವರು ಎಸ್‌ಪಿ ರೋಡಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು, ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ಗ್ರಾಫಿಕ್ಸ್ ಕಾರ್ಡು ತಂದಿದ್ದಾರೆ. “ಮಗಳ ಪ್ರಾಜೆಕ್ಟಿಗೆ ಬೇಕಾಗತ್ತೆ” ಎಂಬುದು ಮನೆಗೆ ಕೊಟ್ಟ ವಿವರಣೆ. ಮಗಳು ಬಿಕಾಂ. ಕಾರ್ಡು ಕೂರಿಸಿದೊಡನೆ ಅವರು ತೆರೆದದ್ದು ‘ನಟ್ಸ್’ ಎಂಬ 2001ರ ವ್ಯಾಡನ್ನು. ಅದರಲ್ಲಿ ಕಥೆಯಿಲ್ಲ, ಕಲೆಯಿಲ್ಲ. ಬಯಲಿನಂಥ ಜಾಗದಲ್ಲಿ 10,617 ರಾಕ್ಷಸರು ಸುಮ್ಮನೆ ನಿಂತಿದ್ದಾರೆ. ಒಂದು ಗುಂಡು ಹಾರಿಸಿದರೆ ಅಷ್ಟೂ ಮಂದಿ ತಿರುಗುತ್ತಾರೆ, ಕಂಪ್ಯೂಟರು ಏದುಸಿರು ಬಿಡುತ್ತದೆ. ವ್ಯಾಡಪ್ಪನವರು ಆಡಲಿಲ್ಲ, ಪರದೆಯ ಮೂಲೆಯಲ್ಲಿ ಕುಸಿಯುತ್ತಿದ್ದ ಫ್ರೇಮುಗಳ ಲೆಕ್ಕ ನೋಡಿ, “ಪರ್ವಾಗಿಲ್ಲ, ತಡ್ಕೊಳತ್ತೆ” ಎಂದು ಮುಚ್ಚಿದರು.

ಇನ್ನು ಶುಕ್ರವಾರ ಸಂಜೆಯ ವಿಷಯ.

ಶುಕ್ರವಾರ ಏಳಕ್ಕೆ ಮನೆ ಸೇರಿ, ಊಟ ಬೇಗ ಮುಗಿಸಿ, ಕೋಣೆಯ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತಾರೆ. ಹೊಸ ಜಿಪ್ ಫೈಲು ಇಳಿದಿದೆ. ಬಿಚ್ಚಿದರೆ ಒಳಗೆ ಎರಡು ಫೈಲು: ಒಂದು ವ್ಯಾಡ್, ಇನ್ನೊಂದು ಟೆಕ್ಸ್ಟ್. ವ್ಯಾಡಪ್ಪನವರ ಕುಲದಲ್ಲಿ ಯಾರೂ ವ್ಯಾಡನ್ನು ಮೊದಲು ಮುಟ್ಟುವುದಿಲ್ಲ. ಟೆಕ್ಸ್ಟ್ ಫೈಲಿನಲ್ಲಿ 1990ರ ದಶಕದಿಂದ ನಡೆದು ಬಂದ ಒಂದು ನಮೂನೆಯಿದೆ: ಹೆಸರು, ಕಟ್ಟಿದವರು, ಬಳಸಿದ ಎಡಿಟರ್, ಹಿಡಿದ ಸಮಯ, ಗೊತ್ತಿರುವ ದೋಷಗಳು. ಕೊನೆಯ ಅಂಕಣದಲ್ಲಿ ‘ಯಾವುದೂ ಇಲ್ಲ’ ಎಂದಿದ್ದರೆ ವ್ಯಾಡಪ್ಪನವರು ನಗುತ್ತಾರೆ. ಅವರೂ ಸಾಫ್ಟ್‌ವೇರಿನವರಲ್ಲವೇ.

ಆಮೇಲಿನ ಪ್ರಶ್ನೆ, ಯಾವ ಪೋರ್ಟಿನಲ್ಲಿ ತೆರೆಯುವುದು? ಐಡಿಯವರು 1997ರಲ್ಲಿ ಡೂಮ್‌ನ ಮೂಲ ಕೋಡನ್ನೇ ಬಿಟ್ಟುಕೊಟ್ಟರು. ಅದನ್ನು ತಿದ್ದಿ ಇಂದಿನ ಕಂಪ್ಯೂಟರಿಗೆ ಒಗ್ಗಿಸಿದ ಆವೃತ್ತಿಗಳೇ ಪೋರ್ಟುಗಳು. ಕಾಫಿಪುಡಿಗೆ ಚಿಕೋರಿ ಎಷ್ಟು ಬೆರೆಸಬೇಕೆಂದು ಮನೆಮನೆಯಲ್ಲೂ ನಡೆಯುವ ವಾದ ಇಲ್ಲೂ ಉಂಟು. ಜಿಜೆಡ್‌ಡೂಮ್‌ನಲ್ಲಿ ಬಣ್ಣದ ಬೆಳಕು, ಮೇಲೆ ಕೆಳಗೆ ನೋಡುವ ಸೌಕರ್ಯ ಎಲ್ಲ ಇದೆ. ಚಾಕಲೇಟ್ ಡೂಮ್‌ನವರು ಮೂಲದ ದೋಷಗಳನ್ನೂ ಬಿಡದೆ ಕಾಪಾಡಿಕೊಂಡು ಬಂದಿದ್ದಾರೆ. ಹಳೇ ಡೂಮ್‌ನಲ್ಲಿ ಒಂದೇ ನೋಟಕ್ಕೆ ನೆಲ, ಸೂರುಗಳ ತುಂಡು 128 ದಾಟಿದರೆ ಆಟ ಕೈಚೆಲ್ಲಿ ಡಾಸ್‌ಗೆ ಮರಳುತ್ತಿತ್ತು. ಚಾಕಲೇಟ್ ಡೂಮ್ ಕೂಡ ಅಷ್ಟೇ ನಿಷ್ಠೆಯಿಂದ ಕೈಚೆಲ್ಲುತ್ತದೆ. ಈ ಎರಡರ ನಡುವೆ ಡಿಎಸ್‌ಡಿಎ-ಡೂಮ್, ವೂಫ್, ಕ್ರಿಸ್ಪಿ. ವ್ಯಾಡಪ್ಪನವರ ಕಂಪ್ಯೂಟರಿನಲ್ಲಿ ಎಲ್ಲವೂ ಇವೆ. ಕೆಲವು ಎರಡೆರಡು ಆವೃತ್ತಿ.

ಪೋರ್ಟ್ ಆಯ್ದ ಮೇಲೆ ಕಾಂಪ್‌ಲೆವೆಲ್, ಅಂದರೆ ಆಟ ಯಾವ ಆವೃತ್ತಿಯ ನಿಯಮದಂತೆ ನಡೆಯಬೇಕೆಂದು ಹೇಳುವ ಅಂಕಿ, ಹೊಂದಿಸಬೇಕು. ಡೂಮ್‌ನ ಮುಂದಿನ ಆಟವಾದ ಮೂಲ ಡೂಮ್ 2ರಂತೆ ನಡೆಯಬೇಕಾದರೆ 2, ಬೂಮ್ ಎಂಬ ಹಳೇ ಪೋರ್ಟಿಗಾಗಿ ಕಟ್ಟಿದ್ದಾದರೆ 9, ಎಂಬಿಎಫ್21 ಎಂಬ ಈಚಿನ ನಿಯಮಗಳಿಗಾದರೆ 21. ತಪ್ಪಿದರೆ ಹೊರನೋಟಕ್ಕೆ ಏನೂ ಗೊತ್ತಾಗುವುದಿಲ್ಲ. ಮುಕ್ಕಾಲು ಗಂಟೆ ಆಡಿದ ಮೇಲೆ ಒಂದು ಲಿಫ್ಟು ಕೆಳಗೆ ಬರುವುದೇ ಇಲ್ಲ.

ಆಮೇಲೆ ಮೂಲ ಡೂಮ್ 2ರ ಫೈಲು ಬೇಕು, ಸುಮಾರು 14 ಎಂಬಿಯದು. ಅದು ಅವರ ಬಳಿ ಹಳೇ ಸಿಡಿಯದೊಂದು, ಆನ್‌ಲೈನ್ ಅಂಗಡಿಗಳಾದ ಸ್ಟೀಮ್‌ನದೊಂದು, ಜಿಒಜಿಯದೊಂದು, ಮೆಡಿಕಿಟ್ ಮೇಲಿನ ಕೆಂಪು ಶಿಲುಬೆ ಅಳಿಸಿಹೋದ ಬಿಎಫ್‌ಜಿ ಆವೃತ್ತಿಯದೊಂದು. ಕಾಲೇಜಿನ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಮತ್ತೆ ಮತ್ತೆ ದುಡ್ಡು ಕೊಟ್ಟು ಕೊಂಡಿದ್ದಾರೆ. ವ್ಯಾಡನ್ನು ಮೌಸಿನಿಂದ ಎಳೆದು ಪೋರ್ಟಿನ ಐಕಾನ್ ಮೇಲೆ ಬಿಟ್ಟರೂ ಆಟ ಶುರುವಾಗುತ್ತದೆ. ಆದರೆ ವ್ಯಾಡಪ್ಪನವರಿಗೆ ಅದು ಅಮಲ್ದಾರನ ಕೈಲಿ ಕಸ ಗುಡಿಸಿಸಿದ ಹಾಗೆ, ಸರಿಹೋಗುವುದಿಲ್ಲ. ನೋಟ್‌ಪ್ಯಾಡ್ ತೆರೆದು ಕಮಾಂಡ್ ಬರೆಯುತ್ತಾರೆ, ಫೈಲಿನ ದಾರಿ ಹಾಕುತ್ತಾರೆ, ಸ್ಕಿಲ್ 4 ಎಂದು ಸೇರಿಸುತ್ತಾರೆ. ಒಂದು ಅಕ್ಷರ ತಪ್ಪುತ್ತದೆ. ತಿದ್ದುತ್ತಾರೆ. ಆಟ ತೆರೆಯುತ್ತದೆ, ಆಕಾಶ ಇರಬೇಕಾದಲ್ಲಿ ಇಟ್ಟಿಗೆ ಕಾಣುತ್ತದೆ. ಇದರ ಜೊತೆಗೆ ಟೆಕ್ಸ್ಚರ್‌ಗಳ ಇನ್ನೊಂದು ವ್ಯಾಡ್ ಬೇಕಿತ್ತು. ಟೆಕ್ಸ್ಟ್ ಫೈಲಿನ ಕೊನೆಯ ಸಾಲಿನಲ್ಲಿ ಬರೆದಿತ್ತು.

ಹನ್ನೊಂದೂವರೆಗೆ ಎಲ್ಲ ಸರಿಯಾಗುತ್ತದೆ. ವ್ಯಾಡಪ್ಪನವರು ಮೊದಲ ಕೋಣೆಯಲ್ಲಿ ನಿಂತು ಒಂದು ಸುತ್ತು ತಿರುಗಿ ನೋಡಿ, “ಸಖತ್ತಾಗಿದೆ” ಎಂದು ಸೇವ್ ಮಾಡಿ ಮಲಗುತ್ತಾರೆ. ಆ ವ್ಯಾಡು ‘ಆಡಬೇಕಾದವು’ ಎಂಬ ಫೋಲ್ಡರಿಗೆ ಹೋಗುತ್ತದೆ.

ಹಾಗೆಂದು ಅವರು ಆಡುವುದೇ ಇಲ್ಲವೆಂದರೆ ಅಪಚಾರವಾದೀತು. ಆಡಿದ್ದನ್ನು ಹೇಳಲು ಹೊರಟರೆ ನಿಲ್ಲಿಸುವವರಿಲ್ಲ. ಇಬ್ಬರು ಇಸ್ರೇಲಿಗಳು 1997ರಲ್ಲಿ ಕಟ್ಟಿದ ‘ಹೆಲ್ ರಿವೀಲ್ಡ್’ನಲ್ಲಿ ತಾವು ಸತ್ತದ್ದನ್ನು ಅವರು ಯುದ್ಧದಿಂದ ಬಂದ ಸುಬೇದಾರರಂತೆ ವರ್ಣಿಸುತ್ತಾರೆ. 2014ರ ‘ಗೋಯಿಂಗ್ ಡೌನ್’ ಅವರಿಗೆ ಬಲು ಪ್ರಿಯ. ಇಂಗ್ಲೆಂಡಿನ ಅನಿಮೇಷನ್ ಕಲಾವಿದ ಸಿರಿಯಾಕ್ ಹ್ಯಾರಿಸ್ ಕಟ್ಟಿದ ಆ ವ್ಯಾಡಿನಲ್ಲಿ ಒಂದು ಕಂಪನಿಯ ಕಟ್ಟಡದ ತಾರಸಿಯಿಂದ ಲಿಫ್ಟಿನಲ್ಲಿ ಮಹಡಿ ಮಹಡಿಯಾಗಿ ಇಳಿಯಬೇಕು, ಮಹಡಿಗೊಂದು ನರಕ. ಇಪ್ಪತ್ತು ವರ್ಷ ಐಟಿಯಲ್ಲಿದ್ದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ದುಡ್ಡಿಗೆ ಮಾರಿದ ‘ಫೈನಲ್ ಡೂಮ್’ನ ಕಥೆಯನ್ನೂ ಅವರು ಬಿಡುವುದಿಲ್ಲ. 1996ರಲ್ಲಿ ಬಂದ ಅದರ ಅರ್ಧಭಾಗ ‘ಟಿಎನ್‌ಟಿ ಇವಿಲ್ಯೂಷನ್’, ಅಭಿಮಾನಿಗಳು ಬಿಟ್ಟಿಯಾಗಿ ಹಂಚಲು ಕಟ್ಟಿದ್ದನ್ನು ಐಡಿಯವರು ಕೊಂಡುಕೊಂಡದ್ದು. ಅದರ 31ನೇ ಲೆವೆಲಿನಲ್ಲಿ ಹಳದಿ ಕೀಲಿಯನ್ನು ಹಲವರು ಕೂಡಿ ಆಡಿದಾಗ ಮಾತ್ರ ಕಾಣುವಂತೆ ಇಟ್ಟುಬಿಟ್ಟಿದ್ದರು. ಒಬ್ಬನೇ ಆಡುವವನಿಗೆ ಬಾಗಿಲೇ ತೆರೆಯದು. ತಿದ್ದಿದ ನಕ್ಷೆಯನ್ನು ಆಮೇಲೆ ಬೇರೆ ವ್ಯಾಡಾಗಿ ಹಂಚಬೇಕಾಯಿತು. “ಕಾಸು ಕೊಟ್ಟದ್ದರಲ್ಲಿ ಕೀ ಇಲ್ಲ, ಬಿಟ್ಟಿ ಬಂದದ್ದರಲ್ಲಿ ಕೀ ಇದೆ, ನೋಡಿ!” ಎಂದು ಮೇಜು ಕುಟ್ಟುತ್ತಾರೆ.

ಅವರು ಆಡುವುದನ್ನು ಪಕ್ಕದ ಕೋಣೆಯಿಂದ ಕೇಳಬೇಕು. ಲೆವೆಲ್ ಮುಗಿದಾಗ ಪರದೆಯ ಮೇಲೆ ಮೂರು ಲೆಕ್ಕ ಬರುತ್ತದೆ: ಕೊಂದದ್ದು, ಹೆಕ್ಕಿದ್ದು, ಪತ್ತೆ ಮಾಡಿದ ಗುಪ್ತ ಜಾಗ. ಮೂರನೆಯದೂ ನೂರಕ್ಕೆ ನೂರಾಗದೆ ವ್ಯಾಡಪ್ಪನವರಿಗೆ ಸಮಾಧಾನವಿಲ್ಲ. ರಾಕ್ಷಸರೆಲ್ಲ ಸತ್ತ ಮೇಲೆ ಅವರು ಗೋಡೆ ಹಿಡಿದು ನಡೆಯುತ್ತ, ಅಡಿಗಡಿಗೂ ಸ್ಪೇಸ್‌ಬಾರ್ ಒತ್ತುತ್ತಾರೆ. ಗೋಡೆ ಬರೀ ಗೋಡೆಯಾಗಿದ್ದರೆ ಆಟದ ವೀರ “ಉಂಫ್” ಎಂದು ಮುಲುಕುತ್ತಾನೆ. ರಾತ್ರಿ ಹನ್ನೆರಡರ ಹೊತ್ತಿಗೆ ಅರ್ಧ ಮುಚ್ಚಿದ ಬಾಗಿಲಿನಿಂದ ಉಂಫ್, ಉಂಫ್, ಉಂಫ್.

“ರೀ, ಹೊಟ್ಟೆ ನೋವಾ?”

“ಇಲ್ಲ ಕಣೇ, ಒಂದು ಸೀಕ್ರೆಟ್ ಸಿಗ್ತಿಲ್ಲ.”

“ಸೀಕ್ರೆಟ್ಟು ನಾಳೆ ಹುಡುಕಿ, ಓವರ್‌ಹೆಡ್ ಟ್ಯಾಂಕ್ ತುಂಬಿ ಸುರೀತಿದೆ, ಮೋಟಾರ್ ಆಫ್ ಮಾಡಿ.”

ಪ್ರತಿ ವ್ಯಾಡಪ್ಪನವರ ಬಾಳಿನಲ್ಲೂ ತಾನೂ ಒಂದು ಲೆವೆಲ್ ಕಟ್ಟಬೇಕೆಂಬ ಘಳಿಗೆ ಬರುತ್ತದೆ. ಮೊದಲು ಕಟ್ಟುವುದು ತನ್ನ ಮನೆಯನ್ನೇ; 1994ರಿಂದಲೂ ಲೋಕವೆಲ್ಲ ಹೀಗೆಯೇ ಕಟ್ಟಿದೆ. ನಮ್ಮವರ ಮನೆ 30 ಅಡಿ 40 ಅಡಿ ಸೈಟಿನ ಡ್ಯೂಪ್ಲೆಕ್ಸು. ಅಲ್ಟಿಮೇಟ್ ಡೂಮ್ ಬಿಲ್ಡರ್ ಎಂಬ ಎಡಿಟರ್ ತೆರೆದು ಹಾಲ್ ಎಳೆದರು, ಅಡುಗೆಮನೆ ಎಳೆದರು. ಅಡುಗೆಮನೆಯಲ್ಲಿ ರಾಕ್ಷಸರನ್ನು ಇಡುವ ಧೈರ್ಯವಾಗಲಿಲ್ಲ. ವೀರನ ಅಗಲ 32 ಯೂನಿಟ್, ದೇವರಕೋಣೆಯ ಬಾಗಿಲು ಅದಕ್ಕಿಂತ ಕಿರಿದು, ಆದ್ದರಿಂದ ಅದನ್ನು ಹಿಗ್ಗಿಸಿದರು. ಮೆಟ್ಟಿಲಿಗೆ 24 ಯೂನಿಟ್‌ಗಿಂತ ಎತ್ತರ ಕೊಟ್ಟರೆ ವೀರ ಹತ್ತಲಾರ, ಅದನ್ನೂ ತಗ್ಗಿಸಿದರು. ಮೆಟ್ಟಿಲು ಹತ್ತಿ ಮೇಲೆ ಹೋದರೆ ಅಲ್ಲಿ ಮನೆಯೇ ಇಲ್ಲ! ಮೂಲ ಡೂಮ್‌ನ ನಕ್ಷೆಯಲ್ಲಿ ಒಂದು ಜಾಗಕ್ಕೆ ಒಂದೇ ನೆಲ, ಒಂದೇ ಸೂರು. ಕೋಣೆಯ ಮೇಲೆ ಕೋಣೆ ಬರುವಂತಿಲ್ಲ. ಬೇರೆ ದಾರಿ ಕಾಣದೆ ಮೇಲಿನ ಬೆಡ್‌ರೂಮುಗಳನ್ನು ಪಕ್ಕಕ್ಕೆ ಸರಿಸಿದರು.

ಹೆಂಡತಿ ಬಂದು ಪರದೆ ನೋಡಿದರು. “ಏನ್ರೀ ಇದು, ನಮ್ಮ ಬೆಡ್‌ರೂಮ್ ಪಕ್ಕದ ಮನೆಯವರ ಸೈಟಲ್ಲಿದೆ?”

“ಎಂಜಿನ್ ಲಿಮಿಟೇಷನ್ನು.”

ಸೆಟ್‌ಬ್ಯಾಕ್ ನುಂಗಿ ಕಟ್ಟಿದ ಮನೆಗಳಿಗೆ ಬೆಂಗಳೂರಿನಲ್ಲಿ ಬರವಿಲ್ಲ, ಆದರೆ ಅದಕ್ಕೆ ಇಂಥ ಕಾರಣ ಕೊಟ್ಟವರು ಇವರೊಬ್ಬರೇ. ಮನೆಯನ್ನೇ ನಕ್ಷೆ ಮಾಡುವ ಈ ಚಾಳಿಯಿಂದ ಒಂದು ದೊಡ್ಡ ಕೃತಿಯೂ ಹುಟ್ಟಿದೆ. 2023ರ ಮಾರ್ಚಿನಲ್ಲಿ ಬಂದ ‘ಮೈಹೌಸ್’ ಎಂಬ ವ್ಯಾಡು ಮೊದಲ ನೋಟಕ್ಕೆ ಯಾರದೋ ಸಾಧಾರಣ ಮನೆ. ಓಡಾಡುತ್ತ ಹೋದಂತೆ ಮನೆ ಒಳಗಿಂದೊಳಗೇ ಬದಲಾಗಿ, ಹೊರಬರುವ ದಾರಿಯೇ ತಿಳಿಯದಂತಾಗುತ್ತದೆ. ಹಳೇ ಡೂಮ್‌ಗೆ ಸಾಧ್ಯವೇ ಇಲ್ಲದ್ದನ್ನು ಜಿಜೆಡ್‌ಡೂಮ್ ಬಲದಿಂದ ಮಾಡಿದ ಅದನ್ನು ಆಟ ಆಡದವರೂ ಮಾತನಾಡಿಕೊಂಡರು. ವ್ಯಾಡಪ್ಪನವರು ಅದನ್ನು ಆಡಿ ಮುಗಿಸಿ, ತಮ್ಮ ಡ್ಯೂಪ್ಲೆಕ್ಸಿನ ಫೈಲನ್ನು ಸದ್ದಿಲ್ಲದೆ ಅಳಿಸಿದರು.

ಅವರಿಗೆ ನಿಜವಾದ ಪೆಟ್ಟು ಬಿದ್ದದ್ದು 2024ರ ಆಗಸ್ಟ್ 8ರಂದು. ಡೂಮ್ ಮತ್ತು ಡೂಮ್ 2ರ ಹೊಸ ಅಧಿಕೃತ ಆವೃತ್ತಿ ಬಂತು. ಅದರ ಮೆನುವಿನಲ್ಲೇ ಅಭಿಮಾನಿಗಳ ವ್ಯಾಡುಗಳ ಪಟ್ಟಿ, ಬೇಕಾದ್ದನ್ನು ಒತ್ತಿದರೆ ತಾನೇ ಇಳಿದು, ತಾನೇ ಕುಳಿತು, ಶುರುವಾಗುತ್ತದೆ. ಮಗಳು ಫೋನ್ ಮಾತಾಡುತ್ತಲೇ ಒಂದು ಕೈಯಲ್ಲಿ ಮಾಡಿ ತೋರಿಸಿದಳು.

“ಅಪ್ಪಾ, ಆಯ್ತು. ಆಡು.”

ವ್ಯಾಡಪ್ಪನವರು ಪರದೆಯನ್ನೇ ನೋಡುತ್ತ ಕುಳಿತರು. “ಆಯ್ತು ಅಂದ್ರೆ? ಇನ್ನೇನು ಮಾಡೋದು?”

ಅವರ ಗುಟ್ಟು ಅಲ್ಲಿ ರಟ್ಟಾಯಿತು. ಜೋಡಿಸುವುದೇ ಅವರ ಆಟ, ಆಡುವುದು ಜೋಡಣೆ ಸರಿಯಾಯಿತೇ ಎಂದು ನೋಡುವ ಪರೀಕ್ಷೆ. ಡೂಮ್‌ನ ಮೂಲ ಕರ್ತೃಗಳಲ್ಲೊಬ್ಬರಾದ ಜಾನ್ ರೊಮೆರೊ ಅವರಿಗೇ ಕೈ ಸುಮ್ಮನಿರಲಿಲ್ಲವೆಂದ ಮೇಲೆ ಇವರದೇನು? 2019ರಲ್ಲಿ ಒಂಬತ್ತು ಲೆವೆಲ್‌ಗಳ ‘ಸಿಜಿಲ್’, 2023ರ ಡಿಸೆಂಬರ್ 10ಕ್ಕೆ, ಆಟಕ್ಕೆ ಮೂವತ್ತು ತುಂಬಿದ ದಿನ, ‘ಸಿಜಿಲ್ 2’ ಎಂದು ರೊಮೆರೊ ತಾವೂ ಅಭಿಮಾನಿಗಳ ಸಾಲಿನಲ್ಲಿ ನಿಂತು ಬಿಟ್ಟಿ ವ್ಯಾಡ್ ಹಂಚಿದರು. ವ್ಯಾಡಪ್ಪನವರು ಎರಡನ್ನೂ ಇಳಿಸಿಟ್ಟಿದ್ದಾರೆ, ‘ಆಡಬೇಕಾದವು’ ಫೋಲ್ಡರಿನಲ್ಲಿ.

ನಿಮಗೂ ಆಸೆಯಾದರೆ ತಡೆಯುವವರಿಲ್ಲ. ಡೂಮ್ 2 ಕೊಳ್ಳಿ, ಮೆನುವಿನಿಂದ ಒಂದು ವ್ಯಾಡ್ ಆರಿಸಿ, ಆಡಿ. ಹತ್ತು ನಿಮಿಷದ ಕೆಲಸ. ಇಡೀ ಶನಿವಾರ ಬಿಡುವಿದ್ದರೆ ಮಾತ್ರ ವ್ಯಾಡಪ್ಪನವರಿಗೆ ಫೋನ್ ಮಾಡಿ, “ಹೇಗೆ ಹಾಕಿಕೊಳ್ಳೋದು ಸಾರ್?” ಎಂದು ಕೇಳಿ.