‘ಲೂಸಿಯಾ’ಗೆ ಒಂದು ಕಾಮಿಕ್ಸ್ ಪುಸ್ತಕ ಬೇಕು: ಪವನ್ ಕುಮಾರ್ ಮತ್ತು ಸತೀಶ್ ನೀನಾಸಂ ಅವರಿಗೆ ಬಹಿರಂಗ ಪತ್ರ

ನಿರ್ದೇಶಕ ಪವನ್ ಕುಮಾರ್ ಅವರೇ, ನಮ್ಮ ಮಂಡ್ಯ ಜಿಲ್ಲೆಯವರೇ ಆದ ನಟ ಸತೀಶ್ ನೀನಾಸಂ ಅವರೇ,

ನಾನು ಮಳವಳ್ಳಿ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರ ಡ್ರಾಯಿಂಗ್ ಮೇಷ್ಟ್ರು. ನಿಮ್ಮಿಬ್ಬರ ಹತ್ತಿರ ಒಂದನ್ನು ಕೇಳಬೇಕಾಗಿದೆ. 2013ರಲ್ಲಿ ತೆರೆಗೆ ಬಂದ ನಿಮ್ಮ ‘ಲೂಸಿಯಾ’ವನ್ನು ಕಾಮಿಕ್ಸ್ ಪುಸ್ತಕ ಮಾಡಿ. ಜಪಾನಿನವರು ಸಿನಿಮಾಗಳನ್ನು ತಮ್ಮ ಕಾಮಿಕ್ಸ್ ಆದ ಮಾಂಗಾಕ್ಕೆ ಇಳಿಸುತ್ತಾರಲ್ಲ, ಆ ರೀತಿಯಲ್ಲಿ, ಅಷ್ಟೇ ಶ್ರದ್ಧೆಯಿಂದ ಮಾಡಿ.

ಯಾಕೆ ಕೇಳುತ್ತಿದ್ದೇನೆ ಅನ್ನುವುದಕ್ಕೆ ನನ್ನ ಕ್ಲಾಸಿನ ಹುಡುಗರ ನೋಟ್‌ಬುಕ್ಕಿನ ಕೊನೇ ಪುಟಗಳನ್ನು ನೀವು ನೋಡಬೇಕು. ಅಪ್ಪನ ಫೋನಿನಲ್ಲಿ ಹಿಂದಿಯಲ್ಲೋ ತೆಲುಗಿನಲ್ಲೋ ಜಪಾನಿನ ಅನಿಮೆ ಕಾರ್ಟೂನು ನೋಡಿ ಪಳಗಿದ ಕೈಗಳು ಅವು. ನೆಟ್ಟಗೆ ನಿಂತ ಕೂದಲು, ಅರ್ಧ ಮುಖ ತುಂಬಿದ ಕಣ್ಣು, ಓಟ ತೋರಿಸಲಿಕ್ಕೆ ಸ್ಕೇಲು ಇಟ್ಟು ಎಳೆದ ಸಾಲು ಸಾಲು ಗೆರೆ. ಆದರೆ ಮಾತಿನ ಗುಳ್ಳೆಯೊಳಗೆ ‘ಎಲ್ಲಿಗ್ಲಾ ಓಡೋಯ್ತೀಯ, ನಿಂತ್ಕಳ್ಲಾ’ ಅಂತ ಅಚ್ಚ ನಮ್ಮೂರ ಮಾತು. ಹೀಗೆ ಮಾಡಿ ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಗೆರೆ ಎಲ್ಲಿಂದ ಬಂದರೂ ಮಾತು ನಮ್ಮದೇ ಇರಲಿ ಅಂತ ಆ ಮಕ್ಕಳಿಗೆ ತಾನಾಗಿ ಅನ್ನಿಸಿದೆ.

ಜಪಾನಿನವರೂ ಮಾಡಿದ್ದು ಇದನ್ನೇ. ಮಾಂಗಾ ಕಲಾವಿದ ಒಸಾಮು ತೆಜುಕಾ 1949ರಲ್ಲಿ ‘ಮೆಟ್ರೊಪೊಲಿಸ್’ ಬರೆದಾಗ ಫ್ರಿಟ್ಜ್ ಲಾಂಗ್‌ನ ಆ ಹೆಸರಿನ ಸಿನಿಮಾವನ್ನು ಪೂರ್ತಿ ನೋಡಿಯೇ ಇರಲಿಲ್ಲವಂತೆ. ಪತ್ರಿಕೆಯೊಂದರಲ್ಲಿ ಕಂಡ ಒಂದು ಸ್ಥಿರಚಿತ್ರವೇ ಸಾಕಾಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ‘ಸ್ಟಾರ್ ವಾರ್ಸ್’ ಕಥೆ ಇದಕ್ಕಿಂತ ಸ್ವಾರಸ್ಯ. 1977ರ ಆ ಸಿನಿಮಾಕ್ಕೆ ಜಾರ್ಜ್ ಲೂಕಾಸ್ ಪ್ರೇರಣೆ ಪಡೆದದ್ದು ಜಪಾನಿನ ನಿರ್ದೇಶಕ ಅಕಿರಾ ಕುರೋಸಾವ ಅವರ 1958ರ ‘ದಿ ಹಿಡನ್ ಫೋರ್ಟ್ರೆಸ್’ನಿಂದ. ಅದರಲ್ಲಿ ದಾರಿಯುದ್ದಕ್ಕೂ ಕಿತ್ತಾಡುತ್ತಾ ಹೋಗುವ ಇಬ್ಬರು ಬಡ ರೈತರೇ ಲೂಕಾಸ್ ಕೈಯಲ್ಲಿ ಇಬ್ಬರು ರೋಬೋಗಳಾದರು. ತೊಂಬತ್ತರ ದಶಕದಲ್ಲಿ ಹಿಸಾವೊ ತಮಾಕಿ ಎಂಬ ಜಪಾನಿ ಕಲಾವಿದ ಆ ‘ಸ್ಟಾರ್ ವಾರ್ಸ್’ ಸಿನಿಮಾವನ್ನೇ ಮಾಂಗಾಕ್ಕೆ ಇಳಿಸಿದರು. ಅಮೆರಿಕದ ಡಾರ್ಕ್ ಹಾರ್ಸ್ ಪ್ರಕಾಶನ ಅದನ್ನು ಇಂಗ್ಲಿಷಿಗೆ ತಂದಿತು, 1999ರಲ್ಲಿ ಅದಕ್ಕೆ ಕಾಮಿಕ್ಸಿಗೆ ಕೊಡುವ ಐಸ್ನರ್ ಪ್ರಶಸ್ತಿಯೂ ಬಂತು. ತಮ್ಮದೇ ಸಿನಿಮಾವನ್ನು ಬೇರೆಯವರು ಬೇರೆ ಕಣ್ಣಿನಿಂದ ಬರೆದದ್ದನ್ನು ಅಮೆರಿಕದವರು ದುಡ್ಡು ಕೊಟ್ಟು ಓದಿದರು. ಜಗಳವಾಡುವ ಇಬ್ಬರು ರೈತರಿಂದ ಹುಟ್ಟಿದ ಕಥೆ ಇಷ್ಟು ದೂರ ಹೋಗುವುದಾದರೆ ಮಂಡ್ಯದ ಜನಕ್ಕೆ ಅದು ಪರಕೀಯ ಹೇಗಾದೀತು?

ಪವನ್ ಅವರೇ, ನಿಮ್ಮ ಸಿನಿಮಾ ಕಾಮಿಕ್ಸಿಗೆಂದೇ ಹುಟ್ಟಿದ ಹಾಗಿದೆ. ನಿಕ್ಕಿ ಥಿಯೇಟರಿನಲ್ಲಿ ಟಾರ್ಚ್ ಬಿಡುವ ಹುಡುಗ, ನಿದ್ದೆ ಬಾರದವನು. ಲೂಸಿಯಾ ಮಾತ್ರೆ ನುಂಗಿದ ಮೇಲೆ ಇನ್ನೊಂದು ಲೋಕದಲ್ಲಿ ಸಿನಿಮಾ ಸ್ಟಾರ್ ಆಗಿ ಬದುಕುತ್ತಾನೆ. ಟಾರ್ಚಿನ ಹುಡುಗನ ಬದುಕು ಬಣ್ಣದಲ್ಲಿ, ಸ್ಟಾರಿನ ಬದುಕು ಕಪ್ಪು-ಬಿಳುಪಿನಲ್ಲಿ. ಮಾಂಗಾ ಬಹುತೇಕ ಅಚ್ಚಾಗುವುದೇ ಅಗ್ಗದ ಕಾಗದದ ಮೇಲೆ ಕಪ್ಪು ಮಸಿಯಲ್ಲಿ. ಬಣ್ಣವಿಲ್ಲದೆ ಎರಡು ಲೋಕ ತೋರಿಸುವುದು ಹೇಗೆ ಅಂತ ನೀವು ಕೇಳಬಹುದು. ಅದಕ್ಕೂ ಮಾಂಗಾದವರ ಹತ್ತಿರ ಉಪಾಯವಿದೆ. ಚುಕ್ಕಿಗಳ ಹಾಳೆಯನ್ನು ಕತ್ತರಿಸಿ ಅಂಟಿಸಿ ಹತ್ತಾರು ಬಗೆಯ ಬೂದು ಛಾಯೆ ತರುತ್ತಾರೆ. ನಿಕ್ಕಿಯ ಲೋಕವನ್ನು ಆ ಛಾಯೆಗಳಿಂದ ತುಂಬಿ, ಸ್ಟಾರಿನ ಲೋಕವನ್ನು ಬರೀ ಗೆರೆಯಲ್ಲಿ ಬಿಟ್ಟರೆ ಪುಟ ತಿರುಗಿಸಿದ ಕೂಡಲೇ ಓದುವವನಿಗೆ ತಾನೆಲ್ಲಿದ್ದೇನೆ ಅಂತ ತಿಳಿಯುತ್ತದೆ. ಕೊನೆಯಲ್ಲಿ ನೀವು ಯಾವುದು ನಿಜ ಅನ್ನುವುದನ್ನೇ ತಲೆಕೆಳಗು ಮಾಡುತ್ತೀರಲ್ಲ, ಆಗ ಹಿಂದಿನ ಪುಟಗಳನ್ನು ಮರಳಿ ನೋಡುವ ಭಾಗ್ಯ ಪುಸ್ತಕ ಓದುವವನಿಗೆ ಮಾತ್ರ.

ಒಂದು ಪುಟವನ್ನು ನಾನು ಮನಸ್ಸಿನಲ್ಲೇ ಬರೆದು ನೋಡಿದ್ದೇನೆ. ಇಡೀ ಪುಟ ಕಪ್ಪು, ಗಾಢ ಮಸಿ. ಎಡಗಡೆ ಕೆಳಗಿನ ಮೂಲೆಯಿಂದ ಟಾರ್ಚಿನ ಬೆಳಕು ಬಿಳಿಯಾಗಿ ಅಗಲಾಗುತ್ತಾ ಹೊರಡುತ್ತದೆ. ಅದು ಬಿದ್ದಲ್ಲಿ ಒಂದು ಕುರ್ಚಿಯ ಬೆನ್ನು, ಸೀಟಿನ ನಂಬರು, ಕಣ್ಣು ಕಿರಿದು ಮಾಡಿಕೊಂಡ ಒಬ್ಬ ಹೆಂಗಸು. ಟಾರ್ಚ್ ಹಿಡಿದವನ ಮುಖ ಕಾಣುವುದಿಲ್ಲ. ಒಂದೇ ಒಂದು ಮಾತಿಲ್ಲ. ಪರದೆಯ ಮೇಲೆ ಕ್ಷಣದಲ್ಲಿ ಕಳೆದುಹೋಗುವುದನ್ನು ಮಾಂಗಾ ಹೀಗೆ ಪುಟಗಟ್ಟಲೆ ನಿಲ್ಲಿಸುತ್ತದೆ. ಮದ್ದೂರಿನಲ್ಲೂ ಮಳವಳ್ಳಿಯಲ್ಲೂ ಒಂಟಿ ಪರದೆಯ ಟಾಕೀಸಿನಲ್ಲಿ ಸಿನಿಮಾ ನೋಡಿ ಬೆಳೆದವರಿಗೆ ಆ ಬೆಳಕು ಏನೆಂದು ವಿವರಿಸಬೇಕಿಲ್ಲ. ಅವರ ಮೊಮ್ಮಕ್ಕಳಿಗೆ ವಿವರಿಸಬೇಕು, ಅದಕ್ಕೇ ಪುಸ್ತಕ ಬೇಕು.

ಸತೀಶ್ ಅವರೇ, ನಿಮ್ಮಲ್ಲಿ ಕೇಳುವುದು ಮಾತಿನ ವಿಚಾರ. ಪುಸ್ತಕಕ್ಕೆ ಅಂತ ನಿಕ್ಕಿಯ ಮಾತನ್ನು ಯಾರೂ ತಿದ್ದಿ ನಯ ಮಾಡದ ಹಾಗೆ ನೋಡಿಕೊಳ್ಳಿ. ನಮ್ಮ ಕಡೆಯ ಕನ್ನಡ ಸಿನಿಮಾದಲ್ಲಿ ಬಹುಪಾಲು ನಗಿಸಲಿಕ್ಕೇ ಬಳಕೆಯಾಗಿದೆ. ಅದೇ ಭಾಷೆಯಲ್ಲಿ ಕನಸು, ನಿದ್ದೆ, ನಿಜ-ಸುಳ್ಳಿನಂಥ ಆಳದ ವಿಚಾರ ಹೇಳಬಹುದೆಂದು ನೀವು ಮಾಡಿ ತೋರಿಸಿದಿರಿ. ಅದು ಅಚ್ಚಿನಲ್ಲೂ ಬರಲಿ.

ಕನ್ನಡಕ್ಕೆ ಕಾಮಿಕ್ಸ್ ಹೊಸದಲ್ಲ. ‘ಅಮರ ಚಿತ್ರ ಕಥೆ’ ಎಂದರೆ ಎಲ್ಲರೂ ಕಾರ್ಕಳದ ಅನಂತ ಪೈ ಅವರನ್ನು ನೆನೆಯುತ್ತಾರೆ, ನೆನೆಯಲೇಬೇಕು. ಆದರೆ ಅದಕ್ಕೂ ಮೊದಲು, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಸಿಂಡರೆಲಾಳಂಥ ಪಾಶ್ಚಾತ್ಯ ಕಥೆಗಳನ್ನು ಕನ್ನಡದಲ್ಲಿ ಕಾಮಿಕ್ಸ್ ಮಾಡಿ ಆ ಹೆಸರಿನ ಸರಣಿಗೆ ನಾಂದಿ ಹಾಡಿದ್ದರು. ದೇಶದ ಮಕ್ಕಳೆಲ್ಲ ಓದಿದ ಸರಣಿಯ ಮೊದಲ ಪುಸ್ತಕಗಳು ಕನ್ನಡದವು. ಅಂಥ ಭಾಷೆಯಲ್ಲಿ ಈಗ ಮಳವಳ್ಳಿಯ ಹುಡುಗನೊಬ್ಬ ಕಾಮಿಕ್ಸ್ ಕೇಳಿದರೆ ಕೈಗೆ ಕೊಡಲು ನನ್ನ ಹತ್ತಿರ ಹೊಸದೇನೂ ಇಲ್ಲ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ.

ದುಡ್ಡಿನ ಮಾತನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ‘ಲೂಸಿಯಾ’ಗೆ ನೂರಕ್ಕೂ ಹೆಚ್ಚು ಪ್ರೇಕ್ಷಕರೇ ಕೈಯಿಂದ ಹಾಕಿ 50 ಲಕ್ಷ ರೂಪಾಯಿಗೂ ಮೀರಿ ಕೂಡಿಸಿಕೊಟ್ಟರು. ಪುಸ್ತಕಕ್ಕೆ ಅಷ್ಟೆಲ್ಲ ಬೇಡ. ಚಿತ್ರ ಬರೆಯುವವರು ಮೈಸೂರಿನ ಕಲಾಶಾಲೆ ಕಾವಾದಲ್ಲೇ ಸಿಗುತ್ತಾರೆ. ಓದುವ ಜಾಗವೂ ಸಿದ್ಧವಿದೆ. 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಆ ಕಪಾಟುಗಳಲ್ಲಿ ಒಂದು ಸಾಲು ಇದಕ್ಕೆ ಇರಲಿ.

ಮಾತ್ರೆಯ ಕಥೆ ಚಿಕ್ಕ ಮಕ್ಕಳಿಗಲ್ಲ, ಒಪ್ಪುತ್ತೇನೆ. ‘ಲೂಸಿಯಾ’ ಪಿಯುಸಿ ದಾಟಿದವರಿಗಿರಲಿ. ಜಪಾನಿನಲ್ಲೂ ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ಮಾಂಗಾ ಪತ್ರಿಕೆಗಳಿವೆ. ಚಿಕ್ಕವರಿಗೆ ಕಾಮಿಕ್ಸ್ ಮಾಡಲು ಉಪೇಂದ್ರ ಅವರ 2002ರ ಸಿನಿಮಾ ‘ಹಾಲಿವುಡ್’ ಇದೆ. ರಜನಿಕಾಂತ್ ‘ಎಂದಿರನ್’ನಲ್ಲಿ ರೋಬೋ ಆಗುವುದಕ್ಕೆ ಎಂಟು ವರ್ಷ ಮೊದಲೇ ಕನ್ನಡದ ರೋಬೋ ಅದರಲ್ಲಿ ಓಡಾಡಿತ್ತು. ಅದಾದ ಮೇಲೆ ನಮ್ಮದೇ ಹೊಸ ಕಥೆ ಬರೆಸೋಣ. ನಮ್ಮ ತಾಲ್ಲೂಕಿನ ಶಿವನಸಮುದ್ರದ ಬ್ಲಫ್‌ನಲ್ಲಿ 1902ರಲ್ಲಿ ಕಾವೇರಿ ನೀರಿನಿಂದ ಕರೆಂಟು ತೆಗೆದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಕಳಿಸಿದರು. ಆ ಕಾಲದ ರೈತನಿಗೆ ಅದಕ್ಕಿಂತ ದೊಡ್ಡ ವೈಜ್ಞಾನಿಕ ಕಥೆ ಬೇರೆ ಇತ್ತೇ?

ಹಕ್ಕು, ಕರಾರು, ಪ್ರಕಾಶಕರು, ಇದೆಲ್ಲ ನಿಮಗೆ ಬಿಟ್ಟದ್ದು. ಪೂರ್ತಿ ಪುಸ್ತಕ ತಡವಾದರೆ ಮೊದಲ ಅಧ್ಯಾಯವನ್ನಾದರೂ ತನ್ನಿ. ಬೇಸಿಗೆ ರಜಕ್ಕೆ ಮುಂಚೆ ಬಂದರೆ ಒಳ್ಳೆಯದು, ನಮ್ಮ ಶಾಲೆಯಿಂದ ಓದಿ ಹೋಗಿರುವ ದೊಡ್ಡ ಹುಡುಗ ಹುಡುಗಿಯರು ರಜದಲ್ಲಿ ಅದನ್ನು ನೋಡಿಕೊಂಡು ಬರೆಯುತ್ತಾ ಕೈ ತಿದ್ದಿಕೊಳ್ಳುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ಮಳವಳ್ಳಿ ತಾಲ್ಲೂಕಿನ ಒಬ್ಬ ಡ್ರಾಯಿಂಗ್ ಮೇಷ್ಟ್ರು