ಕರಕರ ಮೀಮಾಂಸೆ: ಅರಗಿನ ತಟ್ಟೆಯಲ್ಲಿ ಹಾಡಿನ ಗೌಣಸ್ಥಾನವನ್ನು ಕುರಿತು

ಗ್ರಾಮಫೋನ್ ಪ್ಲೇಟುಗಳ ಬಗ್ಗೆ ಇದುವರೆಗೆ ಬರೆದವರೆಲ್ಲ ಒಂದೇ ಭ್ರಮೆಯಿಂದ ಹೊರಟಿದ್ದಾರೆ. ಪ್ಲೇಟು ಇರುವುದು ಹಾಡಿಗಾಗಿ, ಅದರೊಡನೆ ಕೇಳಿಸುವ ಕರಕರ ಸದ್ದು ವಯಸ್ಸಿನಿಂದ ಬಂದ ಕಾಯಿಲೆ ಎಂಬುದೇ ಆ ಭ್ರಮೆ. ಹಳೆಯ ಪ್ಲೇಟು ಕೂಡಿಡುವವರು ಕೂಡ ಬಂದವರೆದುರು ಇದನ್ನೇ ಹೇಳಿ, ಸ್ವಲ್ಪ ಸದ್ದು ಇದೆ, ಕ್ಷಮಿಸಬೇಕು ಎಂದು ಕೈ ಹೊಸೆಯುತ್ತಾರೆ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇದಕ್ಕೆ ತದ್ವಿರುದ್ಧವಾದುದು: ಅರಗಿನ ತಟ್ಟೆಯಲ್ಲಿ ಕರಕರವೇ ಪ್ರಧಾನ, ಹಾಡು ಆಗಂತುಕ. ರಸಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಕರಕರ ಸ್ಥಾಯಿ, ಹಾಡು ಸಂಚಾರಿ. ಭರತಮುನಿಗೆ ಗ್ರಾಮಫೋನ್ ಗೊತ್ತಿರಲಿಲ್ಲವಲ್ಲ ಎನ್ನುವವರಿಗೆ ಹೌದು ಎಂದು ಒಪ್ಪಿಬಿಡುತ್ತೇವೆ. ಗೊತ್ತಿಲ್ಲದ್ದರ ಬಗ್ಗೆ ಭಾಷ್ಯ ಬರೆಯಬಾರದೆಂಬ ನಿಯಮ ನಮ್ಮ ಶಾಸ್ತ್ರಪರಂಪರೆಯಲ್ಲಿ ಎಂದೂ ಜಾರಿಯಲ್ಲಿರಲಿಲ್ಲ.

ಮೊದಲು ಪ್ರತ್ಯಕ್ಷ ಪ್ರಮಾಣ. ಪೆಟ್ಟಿಗೆಗೆ ಕೀ ಕೊಟ್ಟು, ಡಬ್ಬಿಯಿಂದ ಹೊಸ ಮುಳ್ಳು ತೆಗೆದು ಸಿಕ್ಕಿಸಿ, ತಿರುಗುವ ಪ್ಲೇಟಿನ ಅಂಚಿಗೆ ಸೌಂಡ್‌ಬಾಕ್ಸನ್ನು ಇಳಿಸಿದಾಗ ಮೊದಲು ಕೇಳಿಸುವುದು ಯಾವುದು? ಕರಕರ. ಹಾರ್ಮೋನಿಯಂ ಬರುವುದು ಆಮೇಲೆ, ಗಾಯಕರು ಬರುವುದು ಇನ್ನೂ ಆಮೇಲೆ. 10 ಇಂಚಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಅವರಿಗೆ ಸಿಗುವ ಅವಕಾಶ ಮೂರು ನಿಮಿಷ ಚಿಲ್ಲರೆ, 12 ಇಂಚಿನದರಲ್ಲಿ ನಾಲ್ಕು ನಿಮಿಷ ಚಿಲ್ಲರೆ. ಅಷ್ಟರೊಳಗೆ ಆಲಾಪ, ಬಂದಿಶ್, ತಾನುಗಳನ್ನೆಲ್ಲ ತುರುಕಿ ಅವರು ಹೊರಟುಹೋಗುತ್ತಾರೆ. ಕರಕರ ಮಾತ್ರ ಲೇಬಲ್ಲಿನ ಪಕ್ಕದ ಗೆರೆಯಲ್ಲಿ ಸುತ್ತುತ್ತಲೇ ಇರುತ್ತದೆ, ಯಾರಾದರೂ ಎದ್ದು ಬಂದು ಮುಳ್ಳೆತ್ತುವವರೆಗೆ ಅಥವಾ ಸ್ಪ್ರಿಂಗು ಸೋಲುವವರೆಗೆ. ತಡವಾಗಿ ಬಂದು ಬೇಗ ಹೊರಡುವವನನ್ನು ಯಾವ ಊರಿನಲ್ಲೂ ಮನೆಯ ಯಜಮಾನನೆಂದು ಕರೆಯುವುದಿಲ್ಲ, ನೆಂಟನೆನ್ನುತ್ತಾರೆ.

ಈ ಸ್ಥಾನಮಾನ ಮೊದಲ ತಲೆಮಾರಿನ ಕಲಾವಿದರಿಗೆ ಸ್ಪಷ್ಟವಾಗಿ ತಿಳಿದಿತ್ತು. 1902ರ ನವೆಂಬರಿನಲ್ಲಿ ಗ್ರಾಮಫೋನ್ ಅಂಡ್ ಟೈಪ್‌ರೈಟರ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಮೇಣದ ತಟ್ಟೆಯ ಮೇಲೆ ಇಳಿಸಿಕೊಂಡರು. ಹಾಡು ಮುಗಿದೊಡನೆ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುವುದು ಇಂದಿಗೂ ಕೇಳುತ್ತದೆ. ಇತಿಹಾಸಕಾರರು ಕೊಡುವ ಕಾರಣ ಇಷ್ಟೇ: ಮೇಣದ ತಟ್ಟೆಗಳು ಹಡಗು ಹತ್ತಿ ಜರ್ಮನಿಯ ಹ್ಯಾನೋವರ್ ಕಾರ್ಖಾನೆಗೆ ಹೋಗಬೇಕಿತ್ತು, ಅಲ್ಲಿನ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಬೇಕಿತ್ತು. ಈ ಪೂರ್ವಪಕ್ಷ ನಿಲ್ಲುವಂಥದ್ದಲ್ಲ. ಹೆಸರಿನಲ್ಲೇ ಟೈಪ್‌ರೈಟರ್ ಇಟ್ಟುಕೊಂಡ ಕಂಪನಿಗೆ ಒಂದು ಚೀಟಿ ಟೈಪು ಮಾಡಿ ಅಂಟಿಸಲು ಆಗಲಿಲ್ಲವೆಂದರೆ ನಂಬುವುದು ಹೇಗೆ? ತಾನು ಹೊರಟೆ, ಇನ್ನು ಮುಂದೆ ಕೇಳಿಸುವುದು ತನ್ನದಲ್ಲ ಎಂದು ಸಭೆಗೆ ತಿಳಿಸುವ ಸೌಜನ್ಯವೇ ಆ ಘೋಷಣೆ. ಕರಕರದ ಹೊಣೆಯನ್ನಾಗಲಿ ಕೀರ್ತಿಯನ್ನಾಗಲಿ ಆಕೆ ತಮ್ಮ ಮೇಲೆ ಎಳೆದುಕೊಳ್ಳಲಿಲ್ಲ. ಗೌಹರ್ ಜಾನ್ ಕೊನೆಯ ದಿನಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಮೈಸೂರಿನ ಪಂಡಿತರು ಅಷ್ಟರೊಳಗೆ ಒಂದು ಮಾತು ಕೇಳಿಟ್ಟುಕೊಂಡಿದ್ದರೆ ಈ ಚರ್ಚೆಯೇ ಬೇಕಿರಲಿಲ್ಲ.

ಇನ್ನು ದ್ರವ್ಯವಿಚಾರ. ಈ ತಟ್ಟೆಯನ್ನು ಅರಗಿನದೆಂದು ಕರೆದರೂ ಅದರಲ್ಲಿ ಅರಗಿನ ಪಾಲು ಮೂರರಲ್ಲೊಂದು ಭಾಗ ಇದ್ದರೆ ಹೆಚ್ಚು. ಉಳಿದದ್ದು ಕಲ್ಲಿನ ಪುಡಿ, ಅದರೊಡನೆ ಒಂದಷ್ಟು ಹತ್ತಿಯ ನಾರು, ಕಪ್ಪಿಗಾಗಿ ಮಸಿ. ಕಲ್ಲಿನ ಪುಡಿ ಕಲಬೆರಕೆಯಲ್ಲ, ಬೇಕೆಂದೇ ಹಾಕಿದ್ದು. ಉಕ್ಕಿನ ಮುಳ್ಳು ಮೊದಲ ಕೆಲವು ಸುತ್ತುಗಳಲ್ಲೇ ಸವೆದು ಗೆರೆಯ ಆಕಾರಕ್ಕೆ ಬರಲಿ ಎಂಬುದು ತಯಾರಕರ ಲೆಕ್ಕ. ಒಂದು ಮಗ್ಗುಲಿಗೆ ಒಂದು ಮುಳ್ಳು, ಆಮೇಲೆ ಬಿಸಾಡಿ ಎಂಬ ವಿಧಿ ಹುಟ್ಟಿದ್ದೂ ಹೀಗೆಯೇ. ಅಂದರೆ ತಟ್ಟೆ ಮುಳ್ಳನ್ನು ಅರೆಯುತ್ತದೆ, ಸೌಂಡ್‌ಬಾಕ್ಸಿನ ಭಾರವನ್ನೆಲ್ಲ ಹೊತ್ತ ಮುಳ್ಳು ತಟ್ಟೆಯನ್ನು ಕೆರೆಯುತ್ತದೆ. ಹಾಡೊಂದೇ ಉದ್ದೇಶವಾಗಿದ್ದರೆ ಯಾವ ಬುದ್ಧಿವಂತ ಅದರ ದಾರಿಗೆ ಕಲ್ಲು ಹಾಕುತ್ತಾನೆ? ಡಿಸ್ಕ್ ಗ್ರಾಮಫೋನಿನ ಜನಕ ಎಮಿಲ್ ಬರ್ಲಿನರ್ ಮೊದಲು ಗಟ್ಟಿ ರಬ್ಬರಿನ ತಟ್ಟೆ ಮಾಡಿದವನು, 1890ರ ದಶಕದಲ್ಲಿ ಅದನ್ನು ಬಿಟ್ಟು ಅರಗಿಗೆ ಬಂದ. ರಬ್ಬರಿನ ಮೇಲೆ ಅಚ್ಚು ಸರಿಯಾಗಿ ಕೂರುತ್ತಿರಲಿಲ್ಲ ಎನ್ನುತ್ತಾರೆ. ಕೂರದೆ ಹೋದದ್ದು ಏನು ಎಂಬುದನ್ನು ಮಾತ್ರ ಯಾರೂ ವಿಚಾರಿಸಿಲ್ಲ.

ಕಾರಣದ ಗುಣ ಕಾರ್ಯಕ್ಕೆ ಇಳಿಯುತ್ತದೆಂದು ತಾರ್ಕಿಕರು ಒಪ್ಪಿದ್ದಾರೆ. ಅರಗು ಎಂಬುದು ಮುತ್ತುಗ, ಬೋರೆ ಮೊದಲಾದ ಮರಗಳ ಟೊಂಗೆಗೆ ಅಂಟಿಕೊಂಡು ಬಾಳುವ ಸಣ್ಣ ಕೀಟ ತನ್ನ ಸುತ್ತ ಸ್ರವಿಸಿಕೊಳ್ಳುವ ಗೂಡು. ಆದ್ದರಿಂದ ಅರಗಿನ ತಟ್ಟೆಯಲ್ಲಿ ಮೊದಲ ಮಾತು ಕೀಟಕ್ಕೆ ಸಲ್ಲಬೇಕು. ಆ ಕೀಟಕ್ಕೆ ದನಿಯೇ ಇಲ್ಲವಲ್ಲ ಎಂಬ ಪ್ರಾಣಿಶಾಸ್ತ್ರಜ್ಞರ ಆಕ್ಷೇಪ ನಮ್ಮ ವಾದಕ್ಕೆ ಬಲವನ್ನೇ ಕೊಡುತ್ತದೆ: ಜನ್ಮವಿಡೀ ಬಾಯಿ ಮುಚ್ಚಿಕೊಂಡಿದ್ದವರಿಗೆ ಹೇಳುವುದು ಬಹಳ ಉಳಿದಿರುತ್ತದೆ. ಸಾಹಿತ್ಯದ ಆಧಾರ ಬೇಕೆನ್ನುವವರು ಪಂಪನನ್ನೂ ಕುಮಾರವ್ಯಾಸನನ್ನೂ ನೋಡಬಹುದು. ಇಬ್ಬರ ಕಾವ್ಯದಲ್ಲೂ ಅರಗಿನ ಮನೆ ಇದೆ, ಇಬ್ಬರಲ್ಲೂ ಅದಕ್ಕೆ ಬೆಂಕಿ ಬೀಳುತ್ತದೆ, ಉರಿಯುವ ಅರಗು ಮೌನವಾಗಿ ಉರಿಯಿತೆಂದು ಇಬ್ಬರೂ ಹೇಳಿಲ್ಲ. ಹಾಗಾದರೆ ಅರಗಿನ ಬಣ್ಣ ಹೊತ್ತ ಚನ್ನಪಟ್ಟಣದ ಬೊಂಬೆಗಳು ಯಾಕೆ ಕರಕರ ಎನ್ನುವುದಿಲ್ಲ ಎಂದು ಕೇಳುವವರು ಅವುಗಳ ಮೇಲೆ ಮುಳ್ಳು ಆಡಿಸಿ ನೋಡಲಿ.

ಮೇಲಿನದೆಲ್ಲಕ್ಕಿಂತ ಬಲವಾದ ಪ್ರಮಾಣವೊಂದು ಯುದ್ಧಕಾಲದಿಂದ ದೊರೆಯುತ್ತದೆ. ಎರಡನೇ ಮಹಾಯುದ್ಧದಲ್ಲಿ ಅರಗು ಸೈನ್ಯದ ಕೆಲಸಕ್ಕೂ ಬೇಕಾಯಿತು, ಭಾರತದಿಂದ ಅದನ್ನು ಸಾಗಿಸುವುದೂ ಕಷ್ಟವಾಯಿತು. 1942ರಲ್ಲಿ ಅಮೆರಿಕ ಸರ್ಕಾರ ಪ್ಲೇಟು ಕಂಪನಿಗಳ ಅರಗಿಗೆ ಕಡಿವಾಣ ಹಾಕಿತು. ಹಳೆಯ ಪ್ಲೇಟು ತಂದುಕೊಟ್ಟರೆ ಹೊಸದು ಕೊಡುತ್ತೇವೆ ಎಂದು ಅಂಗಡಿಗಳು ಹೇಳತೊಡಗಿದವು. ತಂದದ್ದನ್ನು ಪುಡಿ ಮಾಡಿ, ಕಾಯಿಸಿ, ಹೊಸ ಹಾಡಿನ ಅಚ್ಚಿಗೆ ಒತ್ತಿದರು. ಇದರ ತಾತ್ಪರ್ಯವನ್ನು ನಮ್ಮ ದೇಶದವರು ಬೇಗ ಹಿಡಿಯಬೇಕಿತ್ತು. ಹಳೆಯ ತಟ್ಟೆ ಸತ್ತಿತು, ಅದರ ದ್ರವ್ಯ ಹೊಸ ದೇಹ ಪಡೆಯಿತು; ಹಾಗಾದರೆ ಹಳೆಯ ಹಾಡು ಎಲ್ಲಿಗೆ ಹೋಯಿತು? ಹೊಸ ಹಾಡಿನೊಳಗೆ ಹಾಡಾಗಿ ಅದು ಕೇಳಿಸುವುದಿಲ್ಲ, ಅಷ್ಟು ಖಚಿತ. ಹಾಗೆಂದು ಇದ್ದದ್ದು ಇಲ್ಲವಾಗುವುದಿಲ್ಲ ಎಂಬುದನ್ನು ಸಾಂಖ್ಯರಿಂದ ಹಿಡಿದು ಪ್ರೌಢಶಾಲೆಯ ಭೌತಶಾಸ್ತ್ರದ ಮೇಷ್ಟರವರೆಗೆ ಎಲ್ಲರೂ ಹೇಳುತ್ತಾರೆ. ಆದ್ದರಿಂದ ಹೊಸ ತಟ್ಟೆಯ ಕರಕರವೆಂದರೆ ಹಳೆಯ ಗಾಯಕರ ಪೂರ್ವಜನ್ಮದ ವಾಸನೆ. ಒಂದು ಮೆರವಣಿಗೆಯ ಬ್ಯಾಂಡಿನ ತಟ್ಟೆಯೊಳಗೆ ಎಷ್ಟು ಮಂದಿ ಪ್ರೇಮಗೀತೆಯವರು, ಎಷ್ಟು ಮಂದಿ ಹಾಸ್ಯ ಕಲಾವಿದರು ಪುಡಿಯಾಗಿ ಕುಳಿತಿದ್ದಾರೋ! ಒಬ್ಬರೇ ಹಾಡುವ ಹಾಡನ್ನು ಬಿಟ್ಟು ಈ ಮಹಾಸಭೆಗೆ ಕಿವಿಗೊಡುವವನನ್ನು ಅರಸಿಕನೆನ್ನುವುದು ಯಾವ ನ್ಯಾಯ?

ಪ್ರತಿವಾದಿಗಳು ಇಲ್ಲಿ ಅಬ್ದುಲ್ ಕರೀಂ ಖಾನರನ್ನು ಮುಂದೆ ತರುತ್ತಾರೆ. ಅವರ ಪಿಯಾ ಬಿನ್ ಠುಮ್ರಿಯ ಪ್ಲೇಟು ಕೇಳಿ ಗದಗಿನ ಹುಡುಗ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಹುಡುಗನ ಎದೆಗೆ ನಾಟಿದ್ದು ಹಾಡೇ ಹೊರತು ಕರಕರವಲ್ಲ, ಆದ್ದರಿಂದ ಹಾಡೇ ಪ್ರಧಾನ ಎಂಬುದು ಅವರ ವಾದ. ಘಟನೆಯನ್ನು ಒಪ್ಪುತ್ತೇವೆ, ಅನುಮಾನವನ್ನು ಒಪ್ಪುವುದಿಲ್ಲ. ಹಾಡು ತಟ್ಟೆಯೊಳಗೇ ಪೂರ್ತಿಯಾಗಿ ಸಿಕ್ಕಿದ್ದರೆ ಹುಡುಗ ಅದರ ಮುಂದೆಯೇ ಕುಳಿತುಬಿಡುತ್ತಿದ್ದ. ಮೂರು ನಿಮಿಷಕ್ಕೆ ಹಾಡು ಕೈಬಿಟ್ಟಿತು, ಕರಕರ ಉಳಿಯಿತು. ಉಳಿದದ್ದು ಎಲ್ಲಿದೆ ಎಂದು ಹುಡುಕಲು ಗ್ವಾಲಿಯರ್‌ತನಕ ಅಲೆದು, ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಬಾಗಿಲಿಗೆ ಬರಬೇಕಾಯಿತು. ಕಿರಾನಾ ಘರಾಣೆ ಇದರಿಂದ ಪಡೆದ ಲಾಭದಲ್ಲಿ ಕರಕರದ ಪಾಲನ್ನು ಇದುವರೆಗೆ ಯಾರೂ ಎಣಿಸಿಲ್ಲ. ಅದೂ ಅಲ್ಲದೆ ಇಂಥ ಜನಪ್ರಿಯ ಪ್ಲೇಟುಗಳಲ್ಲೇ ಕರಕರ ಅತಿ ಹೆಚ್ಚು, ಯಾರಿಗೂ ಬೇಡವಾದ ಪ್ಲೇಟುಗಳು ಇಂದಿಗೂ ಕನ್ನಡಿಯಂತೆ ಹೊಳೆಯುತ್ತವೆ ಎಂಬುದನ್ನು ಕೂಡಿಡುವವರೆಲ್ಲ ಬಲ್ಲರು. ಪ್ರತಿ ಸಲ ಕೇಳಿದಾಗಲೂ ಕೇಳುಗ ಹಾಡಿನಿಂದ ಒಂದಿಷ್ಟು ಅಳಿಸಿ ತನ್ನದೊಂದಿಷ್ಟು ಬರೆಯುತ್ತಾನೆ. ಕೃತಿಯ ಮೈಮೇಲೆಯೇ ವಿಮರ್ಶೆ ಕೆತ್ತುವ ಇಂಥ ಸೌಲಭ್ಯ ಮುದ್ರಿತ ಸಾಹಿತ್ಯಕ್ಕೆ ಇನ್ನೂ ಬಂದಿಲ್ಲ, ಬಂದರೆ ಹಲವು ಕಾದಂಬರಿಗಳು ಚೊಕ್ಕಟವಾಗಿಯೇ ಉಳಿಯುತ್ತವೆ.

ಶ್ರುತಿಯ ವಿಷಯಕ್ಕೆ ಬಂದರೆ ಹಾಡಿನ ದೌರ್ಬಲ್ಯ ಇನ್ನೂ ಬಯಲಾಗುತ್ತದೆ. ನಿಮಿಷಕ್ಕೆ 78 ಸುತ್ತು ಎಂಬ ಲೆಕ್ಕ ಗಟ್ಟಿಯಾಗಿ ನಿಂತದ್ದು 1920ರ ದಶಕದಲ್ಲಿ ವಿದ್ಯುತ್ ಧ್ವನಿಮುದ್ರಣ ಬಂದ ಮೇಲೆ. ಅದಕ್ಕೂ ಮೊದಲು 70ರಿಂದ 80ರ ಆಚೀಚೆ ಯಾವ ವೇಗವೂ ಇರಬಹುದಿತ್ತು. 70ಕ್ಕೆ ಮುದ್ರಿಸಿದ್ದನ್ನು 78ಕ್ಕೆ ನುಡಿಸಿದರೆ ಕಪ್ಪು ಒಂದರಲ್ಲಿ ಹಾಡಿದವರು ಕಪ್ಪು ಎರಡಕ್ಕೆ ಏರಿಬಿಡುತ್ತಾರೆ, ಗಂಡಸರ ದನಿಗೆ ಅನಗತ್ಯವಾದ ಯೌವನ ಬರುತ್ತದೆ. ಹಳೆಯ ವಿದ್ವಾಂಸರ ನಿಜವಾದ ಶ್ರುತಿ ಯಾವುದು ಎಂದು ತಜ್ಞರು ಇಂದಿಗೂ ಬಡಿದಾಡುತ್ತಾರೆ. ಕರಕರದ ನಿಜವಾದ ಶ್ರುತಿ ಯಾವುದು ಎಂದು ಎರಡು ಮಾತು ಬಂದದ್ದಿಲ್ಲ. ತಾಳದಲ್ಲೂ ಹೀಗೆಯೇ. ಅಂಚಿನಿಂದ ಸೀಳು ಬಿಟ್ಟ ಪ್ಲೇಟನ್ನು ಕೇಳಿ: ಮುಳ್ಳು ಸೀಳನ್ನು ದಾಟಿದಾಗೆಲ್ಲ ಒಂದು ಟಕ್, ಸುತ್ತಿಗೊಂದು ಟಕ್, ನಿಮಿಷಕ್ಕೆ 78 ಟಕ್. ಆರಾಮವಾಗಿ ಕುಳಿತ ಮನುಷ್ಯನ ನಾಡಿ 60ರಿಂದ 100ರೊಳಗೆ ಬಡಿಯುತ್ತದೆಂದು ವೈದ್ಯರು ಹೇಳುವುದರಿಂದ, ಸೀಳುಬಿಟ್ಟ ಪ್ಲೇಟು ಸಂಪೂರ್ಣ ಆರೋಗ್ಯವಾಗಿದೆಯೆಂದೇ ತೀರ್ಮಾನಿಸಬೇಕಾಗುತ್ತದೆ. ಮುಳ್ಳು ಒಂದೇ ಗೆರೆಯಲ್ಲಿ ಸಿಕ್ಕಿಕೊಂಡು ಒಂದೇ ತುಣುಕನ್ನು ಮತ್ತೆ ಮತ್ತೆ ನುಡಿಸುವುದನ್ನು ದೋಷವೆನ್ನುವವರು ನೆರವಲು ಕೇಳಿದವರಲ್ಲ. ಸಮಯ ಸಾಲದೆ ವಿದ್ವಾಂಸರು ಬಿಟ್ಟ ನೆರವಲನ್ನು ತಟ್ಟೆಯೇ ಮಾಡಿ ಮುಗಿಸುತ್ತದೆ. ಮುಗಿಸುವುದಿಲ್ಲ ಎಂಬುದೊಂದೇ ವ್ಯತ್ಯಾಸ.

ಕಂಪ್ಯೂಟರು ಇಟ್ಟುಕೊಂಡವರ ಆಕ್ಷೇಪಕ್ಕೆ ಹೆಚ್ಚು ಜಾಗ ಬೇಡ. ಕರಕರವನ್ನು ಸೋಸಿ ಹಾಡನ್ನು ಮಾತ್ರ ಉಳಿಸಬಹುದು ಎನ್ನುತ್ತಾರೆ. ಹೆಚ್ಚು ಸೋಸಿದರೆ ಗಾಯಕರ ಸಕಾರ ಶಕಾರಗಳೂ ಜೊತೆಯಲ್ಲೇ ಸೋಸಿಹೋಗಿ, ಕಂಬಳಿ ಹೊದ್ದು ಹಾಡಿದಂತಾಗುವುದನ್ನು ಅವರೇ ಒಪ್ಪುತ್ತಾರೆ. ಅದೇ ಕಂಪ್ಯೂಟರುಗಳಲ್ಲಿ ಇನ್ನು ಕೆಲವರು ಹೊಚ್ಚಹೊಸ ಹಾಡುಗಳಿಗೆ ಹಳೆಯ ಪ್ಲೇಟಿನ ಕರಕರವನ್ನು ಬೇಕೆಂದೇ ಬೆರೆಸುತ್ತಿದ್ದಾರೆ. ಕರಕರಕ್ಕೆ ಹಳೆಯ ಹಾಡನ್ನು ಬೆರೆಸಿ ಮಾರುವ ಧೈರ್ಯ ಯಾರೂ ಮಾಡಿಲ್ಲ. ಲೋಕವೆಲ್ಲ ಸದ್ದಿಲ್ಲದ ವಿನೈಲಿಗೆ ಹೊರಳಿದ ಮೇಲೂ, 1960ರ ದಶಕದಲ್ಲಿ, ಬೀಟಲ್ಸ್ ತಂಡದ ಹಾಡುಗಳನ್ನು ಭಾರತದಲ್ಲಿ 78 ಸುತ್ತಿನ ಪ್ಲೇಟುಗಳಲ್ಲಿ ಒತ್ತಿ ಮಾರಿದರು. ಕರೆಂಟಿಲ್ಲದ ಮನೆಗಳ ಕೀ ಪೆಟ್ಟಿಗೆಗಳಿಗಾಗಿ ಎಂಬುದು ಪ್ರಚಲಿತ ವಿವರಣೆ. ಇಂದು ಆ ಪ್ಲೇಟುಗಳಿಗಾಗಿ ವಿದೇಶಿಯರು ಮುಗಿಬೀಳುತ್ತಾರೆ. ಅವರ ಮನೆಗಳಲ್ಲಿ ಕರೆಂಟಿದೆ, ಆ ಹಾಡುಗಳೂ ಇವೆ, ಇಲ್ಲದ್ದು ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಶುದ್ಧಿಪ್ರಿಯರಿಗೆ ಒಂದು ಎಚ್ಚರಿಕೆ ಮಾತ್ರ: ಧೂಳು ಒರೆಸಲು ಸ್ಪಿರಿಟ್ ಹಚ್ಚಬೇಡಿ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ, ಹಾಡು ಮತ್ತು ಕರಕರ ಎರಡೂ ಬಟ್ಟೆಗೆ ಬಂದುಬಿಡುತ್ತವೆ. ಅದ್ವೈತ ಸಿದ್ಧಿಸುವುದು ನಿಜ, ಆದರೆ ಅದು ಈ ಪ್ರಬಂಧದ ವ್ಯಾಪ್ತಿಗೆ ಮೀರಿದ್ದು.

ಉಳಿದಿರುವುದು ಒಂದೇ ಆಕ್ಷೇಪ, ಅದು ಬರುವುದು ಅಡುಗೆಮನೆಯ ದಿಕ್ಕಿನಿಂದ. ಕರಕರವೇ ಪ್ರಧಾನವಾದರೆ, ಎಲ್ಲ ಪ್ಲೇಟೂ ಕರಕರವನ್ನೇ ಕೊಡುವುದಾದರೆ, ಮನೆಗೆ ಒಂದು ಪ್ಲೇಟು ಸಾಲದೇ? ಐನೂರು ಯಾಕೆ? ನೋಡಿದ ಕೂಡಲೇ ಪ್ರಬಲವೆನಿಸುವ ವಾದವಿದು. ತತ್ತ್ವ ಒಂದೇ ಆದರೂ ರೂಪ ಅನೇಕ, ಕಲ್ಕತ್ತೆಯ ಡಂಡಂ ಕಾರ್ಖಾನೆಯ ಕರಕರ ಬೇರೆ, ಹ್ಯಾನೋವರಿನ ಕರಕರ ಬೇರೆ ಎಂದು ಸಮಾಧಾನ ಹೇಳಬಹುದು. ಹೇಳಿದವರಿಗೆ ಅದರಿಂದ ಸಮಾಧಾನ ದೊರೆತ ದಾಖಲೆಯಿಲ್ಲ. ಆದರೆ ಈ ಪ್ರಶ್ನೆ ಎತ್ತುವವರು, 10 ಇಂಚಿನ ಪ್ಲೇಟೊಂದು 200 ಗ್ರಾಂ ಆಸುಪಾಸು ತೂಗುತ್ತದೆ, ಐನೂರಕ್ಕೆ ಒಂದು ಕ್ವಿಂಟಾಲ್ ಆಯಿತು, ಅಟ್ಟ ಯಾವಾಗ ಕುಸಿಯುವುದು ಎಂಬ ಉಪಪ್ರಶ್ನೆಯನ್ನೂ ತಪ್ಪದೆ ಜೋಡಿಸುತ್ತಾರೆ. ಚರ್ಚೆಯ ಫಲಿತಾಂಶದಲ್ಲಿ ಹೀಗೆ ನೇರ ಹಿತಾಸಕ್ತಿ ಇಟ್ಟುಕೊಂಡವರನ್ನು ನಿಷ್ಪಕ್ಷಪಾತಿ ವಿದ್ವಾಂಸರೆಂದು ಪರಿಗಣಿಸಲು ಬರುವುದಿಲ್ಲವಾದ್ದರಿಂದ, ಅವರ ಆಕ್ಷೇಪವನ್ನು ದಾಖಲಿಸಿಕೊಂಡು, ಉತ್ತರವನ್ನು ಮುಂದಿನ ಸಂಪುಟಕ್ಕೆ ಕಾಯ್ದಿರಿಸಲಾಗಿದೆ.